ಅಪ್ಪ ನ್ಯೂಟ್ರಲ್‌ನಲ್ಲಿ ಇಳಿದ ಘಾಟಿ

ಕಾರ್ನಿವಲ್ ಹಬ್ಬ ಹತ್ತಿರ ಬಂತೆಂದರೆ ಕೀತೊ ನಗರದ ದಕ್ಷಿಣದ ಬಡಾವಣೆಗಳಿಗೆಲ್ಲ ಒಂದೇ ಹುಚ್ಚು ಹಿಡಿಯುತ್ತದೆ. ಸಮುದ್ರಕ್ಕೆ ಹೋಗಬೇಕು. ವರ್ಷವಿಡೀ ಬೆಟ್ಟದ ಮೇಲೆ ಸ್ವೆಟರ್ ಹಾಕಿಕೊಂಡು ನಡುಗುವ ಜನ, ನಾಲ್ಕು ದಿನ ರಜೆ ಸಿಕ್ಕರೆ ಸಾಕು, ಮಕ್ಕಳು ಮುದುಕರು ಪಾತ್ರೆ ಪಡಗ ಎಲ್ಲ ಕಟ್ಟಿಕೊಂಡು ಘಾಟಿ ಇಳಿಯುತ್ತಾರೆ. ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂದು ಎಲ್ಲರೂ ನಂಬಿದ್ದಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ನರ್ಸಿಸಾಳ ಮನೆಯಲ್ಲೂ ಆ ವರ್ಷ ಹೊರಡುವ ಮಾತಾಯಿತು. ಅವಳ ಅತ್ತೆ ಸೊಯ್ಲಾಗೆ ಎಪ್ಪತ್ತು ದಾಟಿತ್ತು. ಸೊಯ್ಲಾಳ ಗಂಡ ಲಾರಿ ಓಡಿಸಿಕೊಂಡಿದ್ದವನಾದರೂ ಆಕೆಗೆ ಸಮುದ್ರ ತೋರಿಸದೆಯೇ ತೀರಿಕೊಂಡಿದ್ದ. ಈಗ ಮಗ ಎಫ್ರಾಯಿನ್ ತೋರಿಸುತ್ತೇನೆ ಎಂದು ಎದ್ದು ನಿಂತ. ಅವನ ಪುಟ್ಟ ಹಳೆಯ ಕಾರಿನಲ್ಲಿ ಅಮ್ಮ, ಹೆಂಡತಿ ನರ್ಸಿಸಾ, ಒಂಬತ್ತು ವರ್ಷದ ಮಗಳು ಅನಾಯಿ, ಅಕ್ಕ ಮಾರ್ಲೆನೆ, ಇಷ್ಟು ಜನರ ಜೊತೆ ಗಂಟುಮೂಟೆ ಹಿಡಿಸುವ ಹಾಗಿರಲಿಲ್ಲ. ಹಾಗಾಗಿ ಒಂದು ಎಸ್‌ಯುವಿ ಬಾಡಿಗೆಗೆ ತಂದರು. ತೀರಾ ದೊಡ್ಡದಲ್ಲ, ತೀರಾ ಚಿಕ್ಕದಲ್ಲ, ಆಟೊಮ್ಯಾಟಿಕ್ ಗೇರಿನ ಬಿಳಿ ಗಾಡಿ.

ಗಾಡಿ ಕೊಡುವ ಅಂಗಡಿಯ ಹುಡುಗಿ ಎಲ್ಲ ವಿವರಿಸುತ್ತಿದ್ದಳು. ಎಫ್ರಾಯಿನ್ ಗಾಡಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ. ಕೇಳಬೇಕಾದ್ದನ್ನು ಕೇಳಿದವಳು ಮಾರ್ಲೆನೆ. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು.

"ಘಾಟಿ ಇಳಿಯೋವಾಗ ಕಡಿಮೆ ಗೇರ್ ಹಾಕೋದು ಹೇಗಮ್ಮ ಇದ್ರಲ್ಲಿ?"

"ಲಿವರ್ ಪಕ್ಕಕ್ಕೆ ತಳ್ಳಿ, ಆಮೇಲೆ ಮೈನಸ್ ಕಡೆ ಒಂದೊಂದೇ ಸಲ ಎಳೀರಿ. ಒಂದೊಂದು ಗೇರ್ ಕೆಳಗಿಳಿಯುತ್ತೆ," ಎಂದು ಹುಡುಗಿ ಮಾಡಿ ತೋರಿಸಿದಳು. ನರ್ಸಿಸಾ ಪಕ್ಕದಲ್ಲಿ ನಿಂತು ನೋಡಿದಳು.

"ಅಕ್ಕ, ಇದು ನಿನ್ನ ಸ್ಕೂಲಲ್ಲ," ಎಂದ ಎಫ್ರಾಯಿನ್. "ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಾ ಇದ್ದೀನಿ ನಾನು."

"ನಾನೂ ಇಪ್ಪತ್ತು ವರ್ಷದಿಂದ ನಿನ್ನಂಥವರಿಗೇ ಬ್ರೇಕ್ ಎಲ್ಲಿದೆ ಅಂತ ತೋರಿಸ್ತಾ ಇರೋದು."

ಎಫ್ರಾಯಿನ್‌ಗೆ ಅದು ಚುರುಕ್ಕೆಂದಿತು. ಹೊರಡುವ ಬೆಳಿಗ್ಗೆ, ಎಲ್ಲರೂ ಗಾಡಿ ಹತ್ತಿದ ಮೇಲೆ, ಅವನು ಹಿಂದಕ್ಕೆ ತಿರುಗಿ ಕಟ್ಟಪ್ಪಣೆ ಮಾಡಿದ. "ಕೇಳಿಸ್ಕೊಳ್ಳಿ ಎಲ್ರೂ. ನನ್ನ ಡ್ರೈವಿಂಗ್ ಬಗ್ಗೆ ಯಾರಾದ್ರೂ ತುಟಿ ಬಿಚ್ಚಿದ್ರೆ ಗಾಡಿ ಅಲ್ಲಿಂದಲೇ ವಾಪಸ್. ಸಮುದ್ರ ಇಲ್ಲ, ಗಿಮುದ್ರ ಇಲ್ಲ."

ಇದು ಬರೀ ಬಾಯಿಮಾತಲ್ಲ ಎಂದು ನರ್ಸಿಸಾಗೆ ಗೊತ್ತಿತ್ತು. ಹಿಂದೊಮ್ಮೆ ಅವಳು ದಾರಿಯಲ್ಲಿ "ಸ್ವಲ್ಪ ನಿಧಾನ" ಎಂದಿದ್ದಕ್ಕೇ ಅವನು ಅವಳ ತಂಗಿಯ ಮದುವೆಗೆ ಹೊರಟಿದ್ದ ಕಾರನ್ನು ಮನೆಗೆ ತಿರುಗಿಸಿದ್ದ. ಹಿಂದಿನ ಸೀಟಿನಲ್ಲಿ ಅತ್ತೆ ಹೊಸ ಹುಲ್ಲಿನ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ಟೋಪಿ ನೋಡಿ ನರ್ಸಿಸಾ, ಏನೇ ಆಗಲಿ ಬಾಯಿ ಬಿಡಬಾರದು ಎಂದು ನಿಶ್ಚಯಿಸಿದಳು.

ಆಲೊಆಗ್ ಊರಿನಲ್ಲಿ ಗಾಡಿ ನಿಲ್ಲಿಸಿ ಹುರಿದ ಹಂದಿಮಾಂಸ, ಬೇಯಿಸಿದ ಜೋಳ ತಿಂದರು. ಅಲ್ಲಿಂದ ಮುಂದೆ ರಸ್ತೆ ಮಂಜಿನೊಳಗೆ ನುಗ್ಗಿ, ಬೆಟ್ಟದ ಪಕ್ಕೆ ಹಿಡಿದು ಕೆಳಗೆ, ಕೆಳಗೆ, ಬಿಸಿಲುನಾಡಿನವರೆಗೂ ಇಳಿಯುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ.

ಇಳಿಜಾರು ಶುರುವಾದದ್ದೇ ಎಫ್ರಾಯಿನ್‌ನ ಮುಖ ಅರಳಿತು. ಲಿವರ್ ಹಿಡಿದು ನ್ಯೂಟ್ರಲ್‌ಗೆ ತಳ್ಳಿದ.

"ಅನಾಯಿ, ನೋಡು. ನಿನ್ನ ತಾತ ಆಲೂಗಡ್ಡೆ ಲಾರಿ ತಗೊಂಡು ಇಲ್ಲಿಂದ ತಾಂದಾಪಿ ಊರಿನವರೆಗೆ ಹೀಗೇ ಇಳೀತಿದ್ದ. ಒಂದು ತೊಟ್ಟು ಪೆಟ್ರೋಲ್ ಸುಡ್ತಿರಲಿಲ್ಲ. ಬಾಯಲ್ಲಿ ಸಿಗರೇಟು, ಒಂದೇ ಕೈ ಸ್ಟೇರಿಂಗ್ ಮೇಲೆ."

ಈ ಕಥೆ ಆ ಮನೆಯಲ್ಲಿ ಕೇಳದ ಕಿವಿಯಿಲ್ಲ. ಹಬ್ಬ, ಮದುವೆ, ಸಾವು, ಯಾವುದಕ್ಕೆ ನಾಲ್ಕು ಜನ ಸೇರಿದರೂ ಅಪ್ಪ ಘಾಟಿ ಇಳಿದ ಕಥೆ ಬರುತ್ತಿತ್ತು. ಸೊಯ್ಲಾ ಅದಕ್ಕೆ ಹೂಂ ಎಂದದ್ದೂ ಇಲ್ಲ, ಉಹೂಂ ಎಂದದ್ದೂ ಇಲ್ಲ.

ಮಾರ್ಲೆನೆ ಹಿಂದಿನಿಂದ ಮೆಲ್ಲಗೆ ಹೇಳಿದಳು. "ಎಫ್ರಾಯಿನ್, ನ್ಯೂಟ್ರಲ್ಲಲ್ಲಿ ಗಾಡೀನ ಹಿಡಿಯೋರು ಯಾರೂ ಇರಲ್ಲ, ಬ್ರೇಕ್ ಒಂದೇ. ಐದು ಜನ ಇದ್ದೀವಿ, ಮೇಲೆ ಇಷ್ಟು ಸಾಮಾನು. ಎಷ್ಟು ಹೊತ್ತು ಅಂತ ತಡೆಯುತ್ತೆ ಅದು?"

"ಬಾಯಿ ಬಿಟ್ಟೆಯಾ? ವಾಪಸ್ ತಿರುಗಿಸ್ಲಾ?"

"ನಂಗೇನೂ ಬೇಜಾರಿಲ್ಲ, ತಿರುಗಿಸು."

"ಅತ್ತಿಗೆ, ಬಿಡಿ ಹೋಗ್ಲಿ," ಎಂದಳು ನರ್ಸಿಸಾ. ಹಾಗೆಂದದ್ದು ತಪ್ಪು ಎಂದು ಅವಳಿಗೆ ಆಗಲೇ ಅನಿಸಿತ್ತು.

ಅವಳ ಕಣ್ಣು ಮುಂದಿನ ಪುಟ್ಟ ಪರದೆಯ ಮೇಲೆ ಬಿತ್ತು. ಆ ಗಳಿಗೆಯಲ್ಲಿ ಎಷ್ಟು ಪೆಟ್ರೋಲ್ ಸುಡುತ್ತಿದೆ ಎಂದು ತೋರಿಸುವ ಹಸಿರು ಪಟ್ಟಿ ಅದರಲ್ಲಿತ್ತು. ನ್ಯೂಟ್ರಲ್‌ನಲ್ಲಿ ಒಂದು ತೊಟ್ಟೂ ಸುಡುವುದಿಲ್ಲ ಎಂದನಲ್ಲ ಗಂಡ? ಪಟ್ಟಿ ಚಿಕ್ಕದಾಗಿ ಉರಿಯುತ್ತಲೇ ಇತ್ತು. ಅವಳು ಅದನ್ನೂ ಹೇಳಲಿಲ್ಲ.

ತಿರುವಿನ ಮೇಲೆ ತಿರುವು. ಎಫ್ರಾಯಿನ್‌ನ ಕಾಲು ಬ್ರೇಕಿನ ಮೇಲೆ ಕೂತದ್ದು ಎದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಚಪ್ಪಲಿ ಒಲೆಗೆ ಬಿದ್ದಂಥ ನಾತ ಬಂತು.

"ಅಪ್ಪ, ಏನೋ ಸುಟ್ಟ ವಾಸನೆ," ಎಂದಳು ಅನಾಯಿ.

"ಮುಂದೆ ಹೋಗ್ತಿರೋ ಲಾರೀದು ಕಣೇ."

"ಮುಂದೆ ಲಾರಿ ಎಲ್ಲಿದೆ ಅಪ್ಪ?"

ಮುಂದೆ ಲಾರಿ ಇರಲಿಲ್ಲ. ಮಂಜು ಮಾತ್ರ ಇತ್ತು. ಮುಂದಿನ ಸೀಟಿನಲ್ಲಿದ್ದ ನರ್ಸಿಸಾ ಹಿಂದಕ್ಕೆ ತಿರುಗಿದಳು. ಮಾತಾಡಿದರೆ ಗಾಡಿ ತಿರುಗುತ್ತದೆ, ಅತ್ತೆಗೆ ಸಮುದ್ರವಿಲ್ಲ. ಸುಮ್ಮನಿದ್ದರೆ? ಅವಳು ಮಗಳ ಮುಖ ನೋಡಿದಳು, ಸೀಟ್ ಬೆಲ್ಟ್ ಬಿಗಿಯಾಗಿದೆಯೇ ಎಂದು ನೋಡಿದಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಎಫ್ರಾಯಿನ್, ಗೇರ್ ಹಾಕು. ಈಗಲೇ. ಹಬ್ಬ ಹಾಳಾದ್ರೆ ಹಾಳಾಗ್ಲಿ, ಸಮುದ್ರ ಸಾಯ್ಲಿ. ನಂಗೆ ಭಯ ಆಗ್ತಿದೆ!"

ಎಫ್ರಾಯಿನ್ ರೇಗಬೇಕಿತ್ತು. ರೇಗಲಿಲ್ಲ. ಮುಂದಿನ ತಿರುವಿಗೆ ಒತ್ತಿದ ಬ್ರೇಕು ಬೆಣ್ಣೆ ತುಳಿದಂತೆ ಒಳಗೆ ಹೋಗಿತ್ತು, ಗಾಡಿ ಮಾತ್ರ ನಿಧಾನವಾಗಿರಲಿಲ್ಲ.

"ಅಕ್ಕಾ!" ಎಂದ. ಗಡ್ಡ ಬಂದ ಮೇಲೆ ಅವನು ಅಕ್ಕನನ್ನು ಆ ದನಿಯಲ್ಲಿ ಕರೆದದ್ದೇ ಇಲ್ಲ. ಕೈ ಇಂಜಿನ್ ಆಫ್ ಮಾಡುವ ಗುಂಡಿಯತ್ತ ಹೋಯಿತು.

"ಆಫ್ ಮಾಡ್ಬೇಡ!" ಮಾರ್ಲೆನೆ ಶಾಲೆಯಲ್ಲಿ ಕಲಿಸುವ ದನಿಯಲ್ಲೇ ಹೇಳಿದಳು. "ಆಫ್ ಮಾಡಿದ್ರೆ ಸ್ಟೇರಿಂಗ್ ಬಿಗಿಯಾಗುತ್ತೆ. ಕೇಳು. ಲಿವರ್ ಡೀಗೆ, ಡ್ರೈವ್‌ಗೆ ಎಳಿ. ಆಯ್ತಾ? ಈಗ ಪಕ್ಕಕ್ಕೆ ತಳ್ಳು. ಮೈನಸ್, ಒಂದು ಸಲ. ತಡಿ. ಇನ್ನೊಂದು ಸಲ. ಹಾರ್ನ್ ಹೊಡೀತಾ ಇರು."

ಇಂಜಿನ್ ಒಮ್ಮೆಲೇ ಹೋ ಎಂದು ಅರಚಿತು.

"ಇದೇನಕ್ಕಾ, ಒಡೆದುಹೋಗೋ ಹಾಗೆ ಕೂಗ್ತಿದೆ!"

"ಕೂಗ್ಲಿ ಬಿಡು. ಈಗ ಗಾಡೀನ ಹಿಡ್ಕೊಂಡಿರೋದು ಅದೇ. ಇನ್ನೊಂದು ಸಲ ಎಳಿ."

ವೇಗ ಇಳಿಯಿತು. ಯಾರೋ ಹಿಂದಿನಿಂದ ಸೊಂಟ ಹಿಡಿದು ಎಳೆದ ಹಾಗೆ ಗಾಡಿ ತಗ್ಗಿತು. ತಿರುವು ದಾಟಿದ ಮೇಲೆ ಬಂಡೆಯ ಕಡೆಗೆ ಒಂದು ಹೋಟೆಲು, ಅದರ ಮುಂದೆ ಏರಾಗಿದ್ದ ಜಲ್ಲಿಯ ಅಂಗಳ. ಎಫ್ರಾಯಿನ್ ಗಾಡಿಯನ್ನು ಅದರ ಮೇಲೆ ಹತ್ತಿಸಿದ. ಅಲ್ಲಿ ಅದು ತಾನಾಗಿಯೇ ನಿಂತಿತು. ಮಾರ್ಲೆನೆ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟಳು. ಮುಂದಿನ ಎರಡೂ ಚಕ್ರಗಳಿಂದ ಹೊಗೆ ಏಳುತ್ತಿತ್ತು.

ಕಾರ್ನಿವಲ್‌ನಲ್ಲಿ ಸಿಕ್ಕವರಿಗೆಲ್ಲ ನೀರೆರಚುವುದು ಅಲ್ಲಿನ ವಾಡಿಕೆ. ಹೋಟೆಲಿನ ಇಬ್ಬರು ಹೆಂಗಸರು ಬಕೆಟ್ ತುಂಬ ನೀರು ಹಿಡಿದು ಯಾರು ಸಿಗುತ್ತಾರೆಂದೇ ಕಾದಿದ್ದರು. ಕೂಗುತ್ತ ಓಡಿ ಬಂದರು.

"ಚಕ್ರಕ್ಕೆ ಹಾಕಿ, ಚಕ್ರಕ್ಕೆ!" ಎಂದ ಎಫ್ರಾಯಿನ್.

ಮಾರ್ಲೆನೆ ಅಡ್ಡ ನಿಂತಳು. "ಬೇಡ ಕಣ್ರಮ್ಮ! ಕಾದಿರೋ ಬ್ರೇಕಿಗೆ ತಣ್ಣೀರು ಬಿದ್ರೆ ಬಿರುಕು ಬಿಡುತ್ತೆ. ಅದು ತಾನಾಗೇ ಆರಬೇಕು. ಹಬ್ಬ ಅಂತ ಸುರೀಲೇಬೇಕು ಅಂದ್ರೆ ಇವನ ತಲೆ ಮೇಲೆ ಸುರೀರಿ. ಅದೇ ಜಾಸ್ತಿ ಕಾದಿರೋದು."

ಅವರು ಸುರಿದರು. ಎರಡು ಬಕೆಟ್. ಎಫ್ರಾಯಿನ್ ಹಾಗೇ ನಿಂತು ಸುರಿಸಿಕೊಂಡ.

ಬ್ರೇಕು ಆರುವವರೆಗೆ ಎಲ್ಲರೂ ಹೋಟೆಲಿನ ಬೆಂಚಿನ ಮೇಲೆ ಕೂತರು.  ಎಫ್ರಾಯಿನ್ ತಲೆ ಒರೆಸಿಕೊಳ್ಳುತ್ತ ಗೊಣಗಿದ. "ಅಪ್ಪನ ಲಾರೀಲಿ ಇದಕ್ಕಿಂತ ಭಾರ ಇರ್ತಿತ್ತು. ಅವನಿಗೆ ಏನೂ ಆಗ್ಲಿಲ್ಲವಲ್ಲ."

ಸೊಯ್ಲಾ ತೊಡೆಯ ಮೇಲಿನ ಟೋಪಿಯನ್ನು ಪಕ್ಕಕ್ಕಿಟ್ಟಳು.

"ನಿಮ್ಮಪ್ಪ ಯಾಕೆ ಕುಂಟ್ತಿದ್ದ?"

"ಮಾರ್ಕೆಟ್ಟಲ್ಲಿ ಕಾಲು ಜಾರಿ ಬಿದ್ದಿದ್ನಂತಲ್ಲ."

"ಮಾರ್ಕೆಟ್ಟೂ ಇಲ್ಲ, ಜಾರಿದ್ದೂ ಇಲ್ಲ. ಇದೇ ಘಾಟೀಲಿ, ಇನ್ನೂ ಕೆಳಗೆ, ಬಂಡೇಲಿ ದೆವ್ವದ ಮುಖ ಕೆತ್ತಿದಾರಲ್ಲ, ಅದರ ಹತ್ರ ಲಾರಿ ಮಗುಚ್ತು. ನ್ಯೂಟ್ರಲ್ ಹಾಕಿದ್ದ ಮಹಾರಾಯ. ಬ್ರೇಕ್ ಸುಟ್ಟುಹೋಯ್ತು. ನೀನಾಗ ಹೊಟ್ಟೇಲಿದ್ದೆ. ಹೊಟ್ಟೆ ಹೊತ್ಕೊಂಡು ನಾನು ಆಸ್ಪತ್ರೇಲಿ ಕೂತಿದ್ದೆ. ಅವನ ಜೊತೆ ಇದ್ದ ಸೆಗುಂದೊ ಅನ್ನೋ ಹುಡುಗ ಬದುಕ್ಲಿಲ್ಲ."

 ಇಷ್ಟು ವರ್ಷ ಪಾಠ ಹೇಳಿದ ಮಾರ್ಲೆನೆಗೆ ತನ್ನ ಮನೆಯ ಪಾಠವೇ ಗೊತ್ತಿರಲಿಲ್ಲ.

"ಆಮೇಲೆ ಅವನು ಸಾಯೋವರೆಗೂ ನ್ಯೂಟ್ರಲ್ ಹಾಕ್ಲಿಲ್ಲ," ಎಂದಳು ಸೊಯ್ಲಾ. "ಕಥೆ ಹೇಳೋದು ಮಾತ್ರ ಬಿಡ್ಲಿಲ್ಲ. ನಾಲ್ಕು ಜನದ ಎದುರು ಗಂಡನ ಮರ್ಯಾದೆ ಯಾಕೆ ತೆಗೀಲಿ ಅಂತ ನಾನೂ ಸುಮ್ನಿದ್ದೆ. ಹೊರಡೋವಾಗ್ಲೂ ಸುಮ್ನಿದ್ದೆ. ಇವತ್ತು ನಿನ್ನ ಹೆಂಡ್ತಿ ಬಾಯಿ ಬಿಟ್ಲು. ಹೆತ್ತವಳು ನಾನು ಬಿಡ್ಲಿಲ್ಲ."

ಮುದುಕಿ ಅತ್ತಳು. ನರ್ಸಿಸಾ ಅತ್ತೆಯ ಕೈ ಹಿಡಿದುಕೊಂಡಳು.  ಎಫ್ರಾಯಿನ್ ಒದ್ದೆ ಅಂಗಿಯಲ್ಲೇ ಎದ್ದು ಅಕ್ಕನ ಹತ್ತಿರ ಬಂದ.

"ಆ ಲಿವರ್ ಹೇಗೆ ತಳ್ಳೋದು ಅಂದೆ? ಇನ್ನೊಂದು ಸಲ ತೋರ್ಸು."

"ಫೋಟೊ ತೆಗೆಸ್ಕೊಳ್ಳೋದು ಮುಗೀತಾ?"

"ಮುಗೀತು ಮಾರಾಯ್ತಿ. ತೋರ್ಸು."

ಗಾಡಿ ಕೊಟ್ಟ ಅಂಗಡಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಅವರು ತಾಂದಾಪಿಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕಳಿಸಿದರು. ಅವನು ಚಕ್ರ ಬಿಚ್ಚಿ, ಬ್ರೇಕ್ ನೋಡಿ, ಸವೆದದ್ದನ್ನು ಬದಲಾಯಿಸಿ, ಅಂಗಳದಲ್ಲೇ ಓಡಿಸಿ ಪರೀಕ್ಷಿಸಿ, ಇನ್ನು ಹೋಗಬಹುದು ಎಂದ. ಅಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಹೊಳೆಮೀನು ಹುರಿದು ಕೊಟ್ಟ ಹೋಟೆಲಿನ ಹೆಂಗಸರು ಅನಾಯಿಗೂ ಒಂದು ಚೊಂಬು ನೀರು ಸುರಿದೇ ಕಳಿಸಿದರು.

ಉಳಿದ ಇಳಿಜಾರನ್ನು ಎಫ್ರಾಯಿನ್ ಕಡಿಮೆ ಗೇರಿನಲ್ಲಿ ಇಳಿದ. ಬೇಕಾದಾಗ ಬ್ರೇಕ್ ಗಟ್ಟಿಯಾಗಿ ಒತ್ತಿದ, ವೇಗ ತಗ್ಗಿದೊಡನೆ ಕಾಲು ತೆಗೆದ. ಹಿಂದೆ ಬಂದವರು ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನರ್ಸಿಸಾ ಪರದೆಯನ್ನು ತೋರಿಸಿದಳು. ಹಸಿರು ಪಟ್ಟಿ ಪೂರ್ತಿ ಖಾಲಿ.

"ಏನಿದು ಅಕ್ಕ? ಗೇರಲ್ಲಿದ್ರೆ ಪೆಟ್ರೋಲ್ ಸುಡೋದೇ ಇಲ್ವಾ?"

"ಈಗಿನ ಗಾಡಿಗಳು ಹಾಗೇ ಕಣೋ," ಎಂದಳು ಮಾರ್ಲೆನೆ. "ಗೇರಲ್ಲಿಟ್ಟು ಆಕ್ಸಿಲರೇಟರ್ ಬಿಟ್ರೆ, ಇಳಿಜಾರೇ ಇಂಜಿನ್ ತಿರುಗಿಸುತ್ತೆ, ಪೆಟ್ರೋಲ್ ಬೇಡ. ನ್ಯೂಟ್ರಲ್ಲಲ್ಲೇ ಸುಡೋದು. ನೀನು ಜೀವ ಒತ್ತೆ ಇಟ್ಟು ಉಳಿಸಿದ್ದು ಸೊನ್ನೆ."

ದೆವ್ವದ ಮುಖದ ಬಂಡೆ ಬಂದಾಗ ಎಫ್ರಾಯಿನ್ ಗಾಡಿ ಇನ್ನೂ ನಿಧಾನ ಮಾಡಿದ. ಸೊಯ್ಲಾ ಕಿಟಕಿಯಾಚೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡು, ಸೆಗುಂದೊನ ಹೆಸರು ಹೇಳಿದಳು. ಆ ಮನೆಯವರು ಅವನ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಆ ದಿನವೇ ಮೊದಲು.

ಸಮುದ್ರ ತಲುಪುವಾಗ ಸೂರ್ಯ ಮುಳುಗುವುದರಲ್ಲಿದ್ದ. ಸೊಯ್ಲಾ ಟೋಪಿ ಹಾಕಿಕೊಂಡು, ಲಂಗ ಎತ್ತಿ ಹಿಡಿದು, ಕಣಕಾಲಿನವರೆಗೆ ನೀರಿನಲ್ಲಿ ನಿಂತಳು. ಎಫ್ರಾಯಿನ್ ಪಕ್ಕದಲ್ಲಿ ನಿಂತ.

"ತಡ ಆಗೋಯ್ತು ಅಮ್ಮ. ಮಧ್ಯಾಹ್ನಕ್ಕೇ ತೋರಿಸ್ಬೇಕು ಅಂತಿದ್ದೆ."

"ತಡ ಏನು ಬಂತು?" ಎಂದಳು ಸೊಯ್ಲಾ. "ನಾನು ಇಷ್ಟು ವರ್ಷ ಬರದಿದ್ರೂ ಇಲ್ಲೇ ಇತ್ತಲ್ಲಪ್ಪ ಇದು. ಇದೇನು ಎದ್ದು ಎಲ್ಲಿಗೂ ಹೋಗ್ತಿರಲಿಲ್ಲ. ಹೋಗೋರು ನಾವು."

ಓದುವ ನೀವೂ ರಜೆಗೆಂದು ಎಲ್ಲೋ ಘಾಟಿ ಇಳಿಯುವವರೇ. ಗಾಡಿ ನಿಮ್ಮದೇ ಇರಲಿ, ಬಾಡಿಗೆಯದೇ ಇರಲಿ, ಹೊರಡುವ ಮುಂಚೆ ಕಡಿಮೆ ಗೇರ್ ಹಾಕುವುದು ಹೇಗೆಂದು ಕೇಳಿ ತಿಳಿದುಕೊಳ್ಳಿ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ, ಇಂಜಿನ್ ಆಫ್ ಮಾಡುವುದಂತೂ ಬೇಡವೇ ಬೇಡ. ಸುಟ್ಟ ವಾಸನೆ ಬಂದರೆ ಮುಂದಿನ ಲಾರಿಯ ಮೇಲೆ ಹಾಕಬೇಡಿ. ಕ್ಷೇಮವಾದ ಜಾಗ ನೋಡಿ ನಿಲ್ಲಿಸಿ, ಆರಲು ಬಿಡಿ, ನೀರು ಹಾಕಬೇಡಿ, ಬಲ್ಲವರಿಗೆ ತೋರಿಸದೆ ಹೊರಡಬೇಡಿ.

ಇನ್ನು, ಪಕ್ಕದ ಸೀಟಿನಲ್ಲಿ ಕೂತವರೇ, ಒಂದು ಮಾತು ನಿಮಗೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಘಾಟಿ ಇಳಿಯುವ ದಿನ ಆ ಬಂಗಾರವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಭಯವಾದರೆ ಬಾಯಿ ಬಿಟ್ಟು ಹೇಳಿ. ಅವರು ಸಿಟ್ಟಾದರೆ ಆಗಲಿ. ಸಿಟ್ಟು ಸಂಜೆಗೆ ಇಳಿಯುತ್ತದೆ, ಸೆಗುಂದೊ ಮಾತ್ರ ಮನೆಗೆ ಬರಲಿಲ್ಲ.