ಮೂರನೇ ಕಿಟಕಿಯ ಕೆಳಗೆ

ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಹತ್ತೂವರೆಗೆ ಸೇರುವ ಮಾದರಿ ರೈಲು ಸಂಘದಲ್ಲಿ ಒಟ್ಟು ನಾಲ್ಕು ಜನ. ಅವರಲ್ಲಿ ಒಬ್ಬರು ಅಧ್ಯಕ್ಷರು, ಒಬ್ಬ ಉಪಾಧ್ಯಕ್ಷ, ಒಬ್ಬ ಕಾರ್ಯದರ್ಶಿ. ಉಳಿದ ಹಲ್ಲಪ್ಪನೊಬ್ಬನೇ ಸದಸ್ಯ. ಸರ್ವಸದಸ್ಯರ ಸಭೆ ಕರೆದರೆ ಬಂದು ಕೂರಬೇಕಾದವನು ಅವನೇ, ಕೊನೆಯಲ್ಲಿ ಚಪ್ಪಾಳೆ ತಟ್ಟಬೇಕಾದವನೂ ಅವನೇ.

ಹಲ್ಲಪ್ಪ ಅವನ ನಿಜವಾದ ಹೆಸರಲ್ಲ. ದಂತವೈದ್ಯರು ಕಳಿಸುವ ಅಚ್ಚು ನೋಡಿಕೊಂಡು ಹಲ್ಲುಸೆಟ್ಟು ಮಾಡಿಕೊಡುವುದು ಅವನ ಕಸುಬು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಉಪಾಧ್ಯಕ್ಷ ಮೊದಲ ದಿನವೇ ಹಾಗೆ ಕರೆದ. ಅದು ಒಳ್ಳೆಯ ಹಲ್ಲುಸೆಟ್ಟಿನ ಹಾಗೆ ಕಚ್ಚಿ ಕೂತುಬಿಟ್ಟಿತು.

ನಾಲ್ವರೂ ಆರಾಧಿಸುತ್ತಿದ್ದದ್ದು ಒಂದೇ ಕಂಪನಿಯನ್ನು. ಡಬ್ಬದ ಮೇಲೆ ಮರಕುಟಿಗದ ಚಿತ್ರ ಇರುತ್ತಿದ್ದುದರಿಂದ ಅದಕ್ಕೆ ಮರಕುಟಿಗ ಎಂದೇ ಹೆಸರು. ಕಂಪನಿ ಬಾಗಿಲು ಹಾಕಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಬಾಗಿಲು ಹಾಕಿದ ದಿನದಿಂದ ಅದರ ಗುಣಮಟ್ಟ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು. ಅದರ ಬೋಗಿಗಳು ತಿರುವಿನಲ್ಲಿ ಮಗುಚುತ್ತಿದ್ದವು ಎಂದು ಅಧ್ಯಕ್ಷರೇ ಒಮ್ಮೆ ಬಾಯಿತಪ್ಪಿ ಹೇಳಿದ್ದರು. ಈಗ ಮಗುಚಿದರೆ ಅದು ಹಳಿಯ ತಪ್ಪು. ಮಾರುಕಟ್ಟೆಯಲ್ಲಿರುವ ಹೊಸ ಕಂಪನಿಗಳ ಮಾತೆತ್ತಿದರೆ ಅಧ್ಯಕ್ಷರು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಅವರು ಮೂವತ್ತನಾಲ್ಕು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಮುಖ ತಿರುಗಿಸಿದರೆ ಕ್ಲಾಸು ಸುಮ್ಮನಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಮೂವರು ಪದಾಧಿಕಾರಿಗಳೂ ಮರಕುಟಿಗವನ್ನು ಚಿಕ್ಕಂದಿನಲ್ಲೇ, ಅಂಗಡಿಯಲ್ಲೇ, ಹೊಸದಾಗಿ ಕೊಂಡವರು. ಹಲ್ಲಪ್ಪ ಕೊಂಡದ್ದೆಲ್ಲ ಸೆಕೆಂಡ್‌ಹ್ಯಾಂಡು. ಇದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ; ಆದರೆ ಚಹಾ ತರಲು ಕೆಳಗಿಳಿಯುವವನು ಮಾತ್ರ ಯಾವಾಗಲೂ ಅವನೇ.

ಈ ಅವಮಾನವನ್ನು ತೊಳೆದುಕೊಳ್ಳಲು ಅವನು ಎರಡು ವರ್ಷ ದುಡಿದಿದ್ದ. ಲ್ಯಾಬಿನಲ್ಲಿ ಹಲ್ಲಿನ ಅಂಚು ನೋಡುವ ಭೂತಗನ್ನಡಿ ಹಾಕಿಕೊಂಡು ನಲವತ್ತೊಂದು ಬೋಗಿಗಳನ್ನು ತಪಾಸಣೆ ಮಾಡಿ ಒಂದು ಸಂಗತಿ ಕಂಡುಹಿಡಿದ. ಮರಕುಟಿಗದ ಬೋಗಿಗಳ ಎರಡೂ ಬದಿಗೆ ಕೈಯಲ್ಲಿ ಎಳೆದ ಹಳದಿ ಗೆರೆಯಿರುತ್ತದೆ. ಎಡಬದಿಯಲ್ಲಿ, ಮೂರನೇ ಕಿಟಕಿಯ ಕೆಳಗೆ, ಆ ಗೆರೆ ಅರ್ಧ ಅಕ್ಕಿಕಾಳಿನಷ್ಟು ಕಡಿದುಹೋಗಿರುತ್ತದೆ. ಎಲ್ಲ ನಲವತ್ತೊಂದರಲ್ಲೂ! ಇದು ಕಾರ್ಖಾನೆಯ ಹಿರಿಯ ಕಲಾವಿದ ನಕಲಿಗಳನ್ನು ಹಿಡಿಯಲೆಂದೇ ಬಿಟ್ಟ ಗುಪ್ತ ಸಹಿ ಎಂದು ಹಲ್ಲಪ್ಪ ಸಂಘದ ಪತ್ರಿಕೆಯಲ್ಲಿ ಐದು ಪುಟ ಬರೆದ. ‘ಮೂರನೇ ಕಿಟಕಿಯ ನಿಯಮ’ ಎಂದು ಅದಕ್ಕೆ ಹೆಸರಾಯಿತು. ಕಡಿತ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ. ಎಲ್ಲಿಂದಲೋ ಯಾರೋ ಇಬ್ಬರು ಮೆಚ್ಚಿ ಕಾಗದ ಬರೆದರು.

ಸಂಘ ಅವನಿಗಾಗಿ ಹೊಸ ಹುದ್ದೆ ಸೃಷ್ಟಿಸಿತು: ಪರಿಶೀಲಕ. ಬರುವ ಭಾನುವಾರ ನೇಮಕ. ಆಮೇಲೆ ಚಹಾ ತರುವುದು ಯಾರು ಎಂಬುದಿನ್ನೂ ತೀರ್ಮಾನವಾಗಿರಲಿಲ್ಲ.

ಅದಕ್ಕೆ ಮೂರು ದಿನ ಮುಂಚೆ, ಗುರುವಾರ ಸಂಜೆ, ಅವನು ಲ್ಯಾಬಿನಿಂದ ಮನೆಗೆ ಬಂದಾಗ ಅತ್ತೆ ಕಿಟಕಿಯ ಹತ್ತಿರ ಕೂತು ಅವನ ಬಿಳಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದರು. ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಬಂದಿದ್ದರು. ಹದಿನೈದು ದಿನ ಸೂಜಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಹದಿನಾರನೇ ದಿನ ಹೊಲಿಗೆ ಪೆಟ್ಟಿಗೆ ತೆಗೆದಿದ್ದರು. ಪೆಟ್ಟಿಗೆಯಲ್ಲಿ ದಾರದ ಉಂಡೆಗಳ ನಡುವೆ, ಛಾವಣಿ ತೆಗೆದ ಒಂದು ಹಸಿರು ಬೋಗಿ. ಅದರ ತುಂಬ ಗುಂಡುಸೂಜಿ.

ಹಲ್ಲಪ್ಪನ ಕೈಯಲ್ಲಿದ್ದ ಊಟದ ಡಬ್ಬಿ ನೆಲಕ್ಕೆ ಬಿತ್ತು.

“ಅತ್ತೆ... ಇದು ಎಲ್ಲಿ ಸಿಕ್ತು?”

“ಯಾವುದು, ಸೂಜಿ ಡಬ್ಬಿನಾ? ನಂದೇ. ಫ್ಯಾಕ್ಟರೀದು.”

“ಯಾವ ಫ್ಯಾಕ್ಟರಿ?”

“ನಾನೇನು ಹತ್ತು ಫ್ಯಾಕ್ಟರೀಲಿ ಕೆಲಸ ಮಾಡಿದೀನಾ ಅಳಿಯಂದ್ರೆ? ಆಟದ ಸಾಮಾನಿನ ಫ್ಯಾಕ್ಟರಿ. ಹನ್ನೊಂದು ವರ್ಷ. ನಿಮಗೆ ಹೇಳಿದ್ನಲ್ಲ.”

ಹೇಳಿದ್ದರು. ಮದುವೆಯಾದ ಹೊಸದರಲ್ಲಿ ಹೇಳಿದ್ದರು, ಆಮೇಲೂ ಎರಡು ಸಲ ಹೇಳಿದ್ದರು. ಮೂರು ಸಲವೂ ಹಲ್ಲಪ್ಪ ನಕ್ಕು, “ನಮ್ಮದು ಆಟದ ಸಾಮಾನಲ್ಲ ಅತ್ತೆ, ಮಾದರಿ” ಎಂದಿದ್ದ. ಸಂಘದಲ್ಲಿ ರೈಲನ್ನು ಆಟದ ಸಾಮಾನು ಎಂದವರಿಗೆ ಎರಡನೇ ಸಲ ಬಾಗಿಲು ತೆರೆಯುತ್ತಿರಲಿಲ್ಲ. “ಹೌದೇನೋಪ್ಪ” ಎಂದು ಅವರು ಸುಮ್ಮನಾಗಿದ್ದರು. ಏಳು ವರ್ಷದಲ್ಲಿ ಅವನು ಯಾವ ಆಟದ ಸಾಮಾನು ಎಂದು ಒಮ್ಮೆಯೂ ಕೇಳಿರಲಿಲ್ಲ.

ಅವನು ಸೂಜಿಗಳನ್ನು ತಟ್ಟೆಗೆ ಸುರಿದು ಬೋಗಿಯನ್ನು ಬೆಳಕಿಗೆ ಹಿಡಿದ. ಅದು ಊಟದ ಬೋಗಿ. ‘ಸಂಜೆಗಾಡಿ’ ಎಂಬ ಏಳು ಬೋಗಿಗಳ ಸೆಟ್ಟಿನ ಏಳನೆಯದು. ಮೊದಲ ಆರು ಅಂಗಡಿಗೆ ಬಂದಿದ್ದವು; ಇದು ಮಾತ್ರ ಮರಕುಟಿಗದ ಕೊನೆಯ ಕ್ಯಾಟಲಾಗಿನಲ್ಲಿ ಬರೀ ಚಿತ್ರವಾಗಿ ಬಂದು, ಅಂಗಡಿಗೆ ಬರುವ ಮೊದಲೇ ಕಂಪನಿ ಮುಚ್ಚಿಹೋಗಿತ್ತು. ಅದನ್ನು ತಯಾರಿಸಿದ್ದರೋ ಇಲ್ಲವೋ ಎಂಬ ವಾದದಲ್ಲಿ ಉಪಾಧ್ಯಕ್ಷನೂ ಕಾರ್ಯದರ್ಶಿಯೂ ನಾಲ್ಕು ತಿಂಗಳು ಮಾತು ಬಿಟ್ಟಿದ್ದರು.

ಹಲ್ಲಪ್ಪ ಎಡಬದಿಗೆ ತಿರುಗಿಸಿ ಮೂರನೇ ಕಿಟಕಿಯ ಕೆಳಗೆ ನೋಡಿದ. ಹಳದಿ ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲೂ ಕಡಿಯದೆ ಹೋಗಿತ್ತು.

“ನಕಲಿ,” ಎಂದ ತನ್ನಷ್ಟಕ್ಕೆ.

“ಏನು ನಕಲಿ? ನಾನೇ ಎಳೆದ ಗೆರೆ ಅದು.”

“ಅಲ್ಲ ಅತ್ತೆ, ಇಲ್ಲಿ ಕಡಿತ ಇರಬೇಕು. ಅದು ಹಿರಿಯ ಕಲಾವಿದರ ಸಹಿ...”

“ಯಾವ ಕಲಾವಿದ? ಬಣ್ಣದ ಕೋಣೇಲಿ ನಾವು ಒಂಬತ್ತು ಜನ ಹೆಂಗಸರು, ಒಬ್ಬ ಸೂಪರ್‌ವೈಸರು. ಅವನಿಗೆ ಕುಂಚ ಹಿಡಿಯೋಕೂ ಬರ್ತಿರಲಿಲ್ಲ.” ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು. “ಅದು ಕ್ಲಿಪ್ಪಿನ ಜಾಗ. ಬೋಗಿ ಅಲ್ಲಾಡಬಾರದು ಅಂತ ಅಲ್ಲೊಂದು ಕ್ಲಿಪ್ಪು ಹಾಕ್ತಿದ್ವಿ. ಗೆರೆ ಒಣಗಿದ ಮೇಲೆ ಕ್ಲಿಪ್ಪು ತೆಗೆದು ಆ ಚೂರು ತುಂಬಬೇಕು ಅಂತ ರೂಲ್ಸು. ದಿನಕ್ಕೆ ನೂರಾ ನಲವತ್ತು ಬೋಗಿ ಕೊಟ್ಟು ರೂಲ್ಸು ಅಂದ್ರೆ ಯಾರು ತುಂಬ್ತಾರೆ?”

“ಮತ್ತೆ ಇದರಲ್ಲಿ ತುಂಬಿದೆಯಲ್ಲ?”

“ಇದು ಕೊನೇ ವಾರದ್ದು. ಮುಚ್ಚೋದು ಗೊತ್ತಾಗಿತ್ತು, ಕೆಲಸ ಇರಲಿಲ್ಲ. ಸ್ಯಾಂಪಲ್ಲಿಗೆ ಅಂತ ಬಂದಿದ್ದ ಮೂರು ಬೋಗಿ ಬಿದ್ದಿದ್ವು. ತಗೊಂಡು ಹೋಗಿ ಅಂದ ಸೂಪರ್‌ವೈಸರು. ಪುರುಸೊತ್ತಿತ್ತು, ತುಂಬಿದೆ.”

ಹಲ್ಲಪ್ಪ ಕುರ್ಚಿಯ ಮೇಲೆ ಕೂತ. ಕಣ್ಣಾಸ್ಪತ್ರೆಯಲ್ಲಿ ನರ್ಸಾಗಿದ್ದ ಅವನ ಹೆಂಡತಿ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡು ಹೊರಗೆ ಬಂದಳು.

“ರೀ, ಲೆಕ್ಕ ಸರಳ ಇದೆ. ನಿಮ್ಮ ನಿಯಮ ನಿಜ ಆದ್ರೆ ನಮ್ಮಮ್ಮ ಸುಳ್ಳು ಹೇಳ್ತಿದಾಳೆ. ಅಮ್ಮ ಹೇಳೋದು ನಿಜ ಆದ್ರೆ ನೀವು ಐದು ಪುಟ ಕ್ಲಿಪ್ಪಿನ ಮೇಲೆ ಬರೆದಿದೀರಿ.”

“ತಮಾಷೆ ಮಾಡಬೇಡ.”

“ನಾನೆಲ್ಲಿ ಮಾಡಿದೆ? ಐದು ಪುಟ ಬರೆದಿದ್ದು ನೀವು.”

ಆ ರಾತ್ರಿ ಮಲಗುವ ಹೊತ್ತಿಗೆ ಹಲ್ಲಪ್ಪ ಒಂದು ನಿರ್ಧಾರಕ್ಕೆ ಬಂದಿದ್ದ. ಬೋಗಿ ಎಲ್ಲೂ ಓಡಿಹೋಗುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಸೂಜಿ ತುಂಬಿಕೊಂಡು ಕೂತಿದ್ದು ಇನ್ನೊಂದು ವಾರ ಕೂರಲಿ. ಮೊದಲು ಹುದ್ದೆ ಸಿಗಲಿ. ಸುಳ್ಳು ಹೇಳುವುದು ಬೇರೆ, ನಿಜವನ್ನು ತಡವಾಗಿ ಹೇಳುವುದು ಬೇರೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಹೆಂಡತಿ ಕೇಳಬಹುದೆಂದು ಅವಳಿಗೆ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಚಪ್ಪಲಿ ಹಾಕಿಕೊಳ್ಳುವಾಗ ಅತ್ತೆ ಒಗೆದ ಸೀರೆ ಉಟ್ಟು, ಹೊಲಿಗೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ನಾನೂ ಬರ್ತೀನಿ. ಅದು ಓಡೋದನ್ನ ನೋಡೇ ಇಲ್ಲ ನಾನು.”

“ಹನ್ನೊಂದು ವರ್ಷ ಅಲ್ಲೇ ಇದ್ದು ನೋಡಿಲ್ವಾ?”

“ಓಡಿಸಿ ನೋಡೋ ಕೋಣೆ ಬೇರೆ. ನಮ್ಮನ್ನ ಬಿಡ್ತಿರಲಿಲ್ಲ. ಬಣ್ಣ ಮೆತ್ಕೊಂಡಿರ್ತೀವಿ ಅಂತ.”

“ಪೆಟ್ಟಿಗೆ ಯಾಕೆ ಅತ್ತೆ?”

“ಸುಮ್ಮನೆ ಕೂತ್ರೆ ನನಗೆ ನಿದ್ದೆ ಬರುತ್ತೆ.”

ಅತ್ತೆಗೆ ಬರಬೇಡಿ ಎನ್ನುವ ಅಳಿಯ ಇನ್ನೂ ಹುಟ್ಟಿಲ್ಲ. ಇಬ್ಬರೂ ಹೊರಟರು.

ಸಂಘದ ಕೋಣೆಯಲ್ಲಿ ಎಂದಿನಂತೆ ಕೆಳಗಿನ ಲಾಂಡ್ರಿಯ ಆವಿ ನೆಲದ ಸಂದಿಯಿಂದ ಏರುತ್ತಿತ್ತು. ದೊಡ್ಡ ಮೇಜಿನ ಮೇಲೆ ಹಳಿ, ಹಳಿಯ ಮೇಲೆ ಅಧ್ಯಕ್ಷರ ಸಂಜೆಗಾಡಿ: ಒಂದು ಎಂಜಿನ್ನು, ಆರು ಬೋಗಿ. ಅತ್ತೆಗೆ ಗೋಡೆಯ ಪಕ್ಕ ಕುರ್ಚಿ ಹಾಕಿದರು. ಕಾರ್ಯದರ್ಶಿ ಫೋಟೋ ಸ್ಟುಡಿಯೊದವನು. ನೇಮಕದ ಪತ್ರ ಓದಿ, ನಗಿ ಎಂದು ಹೇಳಿ ಫೋಟೋ ಹೊಡೆದ. ಹಲ್ಲಪ್ಪ ಪರಿಶೀಲಕನಾದ. ಸದಸ್ಯರೇ ಉಳಿದಿರಲಿಲ್ಲವಾದ್ದರಿಂದ ಚಪ್ಪಾಳೆ ತಟ್ಟುವವರು ಯಾರೆಂದು ಎಲ್ಲರೂ ಒಮ್ಮೆ ಮುಖ ಮುಖ ನೋಡಿಕೊಂಡರು. ಅತ್ತೆ ತಟ್ಟಿದರು.

ಅಧ್ಯಕ್ಷರು ಭಾಷಣಕ್ಕೆ ಎದ್ದಾಗ ಅವರ ಕೋಟಿನ ನಡುವಿನ ಗುಂಡಿ ಒಂದೇ ಎಳೆಯ ಮೇಲೆ ನೇತಾಡುತ್ತಿತ್ತು.

“ಮೇಷ್ಟ್ರೆ, ಕೋಟು ಕೊಡಿ, ಎರಡು ನಿಮಿಷ,” ಎಂದು ಅತ್ತೆ ಪೆಟ್ಟಿಗೆ ತೆರೆದರು.

ಹಲ್ಲಪ್ಪ ಕಣ್ಣು ಮುಚ್ಚಿಕೊಂಡ. ತೆರೆದಾಗ ಭಾಷಣ ನಿಂತಿತ್ತು. ಅಧ್ಯಕ್ಷರ ಕೈಯಲ್ಲಿ ಬೋಗಿ, ಚಹಾದ ಬಸಿಯಲ್ಲಿ ಸೂಜಿಗಳ ರಾಶಿ, ಸುತ್ತ ಮೂರು ತಲೆ.

“ಊಟದ ಬೋಗಿ! ನಾನು ಹೇಳಿರಲಿಲ್ವಾ?” ಉಪಾಧ್ಯಕ್ಷ ಕಾರ್ಯದರ್ಶಿಯ ಕಡೆ ತಿರುಗಿದ.

“ತಾಳಿ, ತಾಳಿ.” ಕಾರ್ಯದರ್ಶಿ ಕನ್ನಡಕ ಏರಿಸಿದ. “ಮೂರನೇ ಕಿಟಕಿ ನೋಡಿ.”

ನೋಡಿದರು. ಅಧ್ಯಕ್ಷರು ಉಸಿರು ಬಿಟ್ಟರು. “ಕಡಿತ ಇಲ್ಲ. ನಕಲಿ. ಆದರೆ ಒಳ್ಳೇ ನಕಲಿ, ತಾಯಿ, ಬೇಜಾರು ಮಾಡ್ಕೋಬೇಡಿ.” ಆಮೇಲೆ ನೆನಪಾಗಿ ತಿರುಗಿದರು. “ಪರಿಶೀಲಕರು ಏನಂತೀರಿ?”

ಹಲ್ಲಪ್ಪ ಅತ್ತೆಯ ಕಡೆ ನೋಡಿದ. ಅವರು ತುಟಿಗಳ ನಡುವೆ ಸೂಜಿ ಕಚ್ಚಿಕೊಂಡು ಗುಂಡಿಯ ತೂತು ನೋಡುತ್ತಿದ್ದರು. ಅವರು ಬಾಯಿಬಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ನಕಲಿ ಎಂದರೆ ಅಲ್ಲಿಗೆ ಮುಗಿಯಿತು. ಅತ್ತೆ ಸೂಜಿ ತುಂಬಿಕೊಂಡು ಮನೆಗೆ ಬರುತ್ತಾರೆ, ಹುದ್ದೆ ಉಳಿಯುತ್ತದೆ. ಆಮೇಲೆ ದಿನವೂ ಅವರೆದುರು ಊಟಕ್ಕೆ ಕೂರಬೇಕು.

“ಅಸಲಿ,” ಎಂದ. “ನಿಯಮವೇ ತಪ್ಪು. ಅದು ಸಹಿ ಅಲ್ಲ, ಕ್ಲಿಪ್ಪಿನ ಜಾಗ. ಇವರು ಹನ್ನೊಂದು ವರ್ಷ ಮರಕುಟಿಗದಲ್ಲಿ ಗೆರೆ ಎಳೀತಿದ್ರು. ನನಗೆ ಗುರುವಾರವೇ ಗೊತ್ತಾಗಿತ್ತು.”

“ಗುರುವಾರ!” ಎಂದ ಕಾರ್ಯದರ್ಶಿ, ಕೈಯಲ್ಲಿದ್ದ ನೇಮಕದ ಪತ್ರ ನೋಡುತ್ತ.

“ಇವರು ಹೇಳಿದರು ಅಂತ...” ಅಧ್ಯಕ್ಷರು ಶುರುಮಾಡಿದರು.

ಅತ್ತೆ ಬಾಯಿಂದ ಸೂಜಿ ತೆಗೆದು ಎದ್ದುಬಂದರು. ಮೇಜಿನ ಮೇಲಿನ ಆರು ಬೋಗಿಗಳನ್ನು ಒಂದೊಂದಾಗಿ ಎತ್ತಿ, ತರಕಾರಿ ನೋಡುವ ಹಾಗೆ ತಿರುಗಿಸಿ ನೋಡಿದರು. “ಇದು ನಂದು. ನಾನು ಎಡಗೈಯವಳು, ಗೆರೆ ಈ ತುದೀಲಿ ದಪ್ಪ ಆಗುತ್ತೆ. ಇದೂ ನಂದು. ಇದು ಪಕ್ಕದವಳದ್ದು, ಅವಳಿಗೆ ಕೈ ನಡುಕ. ಇದನ್ನ ಯಾರು ಪಾಸ್ ಮಾಡಿದ್ರೋ, ಕಸಕ್ಕೆ ಹಾಕಬೇಕಿತ್ತು.”

ಕೊನೆಯದು ಅಧ್ಯಕ್ಷರು ಗಾಜಿನ ಪೆಟ್ಟಿಗೆಯಲ್ಲಿಡುತ್ತಿದ್ದ ಬೋಗಿ. ಅವರು ಅದನ್ನು ಮರಳಿ ತೆಗೆದುಕೊಂಡು, ಅತ್ತೆ ತನ್ನದೆಂದ ಬೋಗಿಗಳ ಪಕ್ಕ ಇಟ್ಟು, ಅವುಗಳ ಗೆರೆಯ ದಪ್ಪ ತುದಿ, ತೆಳು ತುದಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡು, ಮೊದಲ ಬೆಂಚಿನ ಹುಡುಗನ ಹಾಗೆ ಕೂತರು.

“ತಾಯಿ, ಆ ಹಸಿರು... ಆ ಬಣ್ಣ ಈಗ ಯಾರಿಗೂ ಬರೋದಿಲ್ಲ. ಅದರ ಗುಟ್ಟೇನು?”

“ಗುಟ್ಟೇನಿಲ್ಲ ಮೇಷ್ಟ್ರೆ. ಎರಡು ಥರದ ಹಸಿರು ಉಳಿದಿತ್ತು. ಬೆರೆಸಿದ್ರು.”

“ಕೊನೇ ದಿನ ಎಲ್ಲರೂ ಅತ್ತುಬಿಟ್ರಂತೆ?”

“ಯಾಕೆ ಅಳ್ತೀವಿ? ಥಿನ್ನರ್ ವಾಸನೆಗೆ ಹನ್ನೊಂದು ವರ್ಷ ತಲೆನೋವು. ಎಲ್ಲರಿಗೂ ಒಂದೊಂದು ಗೋಡೆ ಗಡಿಯಾರ ಕೊಟ್ರು. ಅದೂ ಆರು ತಿಂಗಳಿಗೆ ನಿಂತಿತು.”

ಊಟದ ಬೋಗಿಗೆ ಚಕ್ರಗಳಿರಲಿಲ್ಲ. ಉಪಾಧ್ಯಕ್ಷ ಒಂದು ಮುರುಕು ಬೋಗಿಯ ಚಕ್ರ ಬಿಚ್ಚಿ ಅದಕ್ಕೆ ಕೂರಿಸಿದ. ಲಿಫ್ಟಿನಲ್ಲಿ ಜನ ಸಿಕ್ಕಿಕೊಂಡಿದ್ದಾಗಲೂ ಅವನು ಅಷ್ಟು ಬೇಗ ಕೈ ಆಡಿಸಿದವನಲ್ಲ. ಕೊಂಡಿ ಹಾಕಿದರು. ಅಧ್ಯಕ್ಷರು ಕರೆಂಟಿನ ಗುಂಡಿ ತಿರುಗಿಸಿದರು. ಇಪ್ಪತ್ತೊಂಬತ್ತು ವರ್ಷ ಕ್ಯಾಟಲಾಗಿನಲ್ಲಿ ಮಾತ್ರ ಪೂರ್ತಿಯಾಗಿದ್ದ ಸಂಜೆಗಾಡಿ, ಏಳೂ ಬೋಗಿಗಳೊಂದಿಗೆ ಗುಂಯ್ ಎಂದು ಹೊರಟಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಎರಡು ಸುತ್ತು ಪೂರ್ತಿ ನೋಡಿದರು.

“ಇಷ್ಟೇನಾ?” ಎಂದರು.

ಮೂರನೇ ಸುತ್ತಿನ ತಿರುವಿನಲ್ಲಿ ಊಟದ ಬೋಗಿ ಮಗುಚಿ ಬಿತ್ತು. “ಹಳಿ ಸರಿ ಇಲ್ಲ,” ಎಂದರು ಅಧ್ಯಕ್ಷರು ತಕ್ಷಣ.

“ಹಳಿಗೇನಾಗಿದೆ? ನಮ್ಮ ಬೋಗಿನೇ ಹಾಗೆ. ಆಗಲೂ ಬೀಳ್ತಿತ್ತಂತೆ, ಆ ಕೋಣೆಯವರು ಬೈಕೊಳ್ತಿದ್ರು.” ಅತ್ತೆ ತಾವೇ ಬಾಗಿ ಬೋಗಿಯನ್ನು ಎತ್ತಿ ಹಳಿಯ ಮೇಲೆ ಕೂರಿಸಿದರು. “ಇನ್ನೊಂದು ಸಲ ಬಿಡಿ, ನೋಡೋಣ.”

ಒಂಬತ್ತು ಸಲ ಬಿಟ್ಟರು.

ಹನ್ನೆರಡೂವರೆಗೆ ಸಭೆ ಮತ್ತೆ ಸೇರಿತು. ಹಲ್ಲಪ್ಪ ರಾಜೀನಾಮೆ ಕೊಟ್ಟ. ಎರಡು ಗಂಟೆಯೂ ತುಂಬದ ಅವಧಿ, ಸಂಘದ ಇತಿಹಾಸದಲ್ಲಿ ಅತಿ ಚಿಕ್ಕದು ಎಂದು ಕಾರ್ಯದರ್ಶಿ ಬರೆದುಕೊಂಡ. ಪರಿಶೀಲಕಿಯಾಗಿ ಅತ್ತೆಯ ಹೆಸರು ಬಂತು. ಅವರು ಒಂದು ಷರತ್ತು ಹಾಕಿದರು: ಬೋಗಿ ಇಲ್ಲೇ ಇರಲಿ, ಆದರೆ ಸೂಜಿಗೆ ಬೇರೆ ಡಬ್ಬಿ ಬೇಕು. ಹಲ್ಲಪ್ಪ ಮಾಡಿಕೊಡುತ್ತೇನೆಂದ. ಅವನ ಲ್ಯಾಬಿನಲ್ಲಿ ಸಿಗುವುದು ವಸಡಿನ ಗುಲಾಬಿ ಬಣ್ಣ ಒಂದೇ ಎಂದು ಆಗ ಯಾರೂ ಯೋಚಿಸಲಿಲ್ಲ.

“ಸರ್ವಸದಸ್ಯರ ಒಪ್ಪಿಗೆ ಇದೆಯೇ?” ಅಧ್ಯಕ್ಷರು ಕೇಳಿದರು.

ಎಲ್ಲರೂ ಹಲ್ಲಪ್ಪನ ಕಡೆ ತಿರುಗಿದರು. ಅವನೊಬ್ಬನೇ ಎದ್ದುನಿಂತು ಚಪ್ಪಾಳೆ ತಟ್ಟಿದ. ಆಮೇಲೆ ಚಹಾ ತರಲು ಕೆಳಗಿಳಿದ. ಮೆಟ್ಟಿಲ ಅರ್ಧದಲ್ಲಿರುವಾಗ ಮೇಲಿನಿಂದ ಅತ್ತೆಯ ದನಿ ಕೇಳಿಸಿತು:

“ಅಳಿಯಂದ್ರೇ, ನನಗೆ ಸಕ್ಕರೆ ಕಮ್ಮಿ.”