ಬೀಳುವ ಕಸುಬು

ಗುಂಡುಕಲ್ಲು ಸೋಲುವುದರಲ್ಲಿ ನಿಷ್ಣಾತ. ಹದಿನೆಂಟು ವರ್ಷ ಕುಸ್ತಿ ಮಾಡಿಯೂ ಒಂದು ಪಂದ್ಯ ಗೆದ್ದವನಲ್ಲ. ಇದನ್ನು ಕೇಳಿ ಅಯ್ಯೋ ಪಾಪ ಎನ್ನುವವರಿಗೆ ಅವನು ವಿವರಿಸುತ್ತಿದ್ದ: ತನ್ನದು ಪ್ರದರ್ಶನದ ಕುಸ್ತಿ, ಯಾರು ಗೆಲ್ಲಬೇಕು, ಯಾರು ಮಣ್ಣು ಮುಕ್ಕಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಗೆಲ್ಲುವವನಿಗೆ ಬೇಕಾದದ್ದು ಮೈಕಟ್ಟು ಮತ್ತು ಬಿಳಿ ಹಲ್ಲು. ಸೋಲುವವನಿಗೆ ವಿದ್ಯೆ ಬೇಕು. ಎಳೆದಾಗ ಹಾರಬೇಕು, ಬೀಳುವಾಗ ಗಲ್ಲವನ್ನು ಎದೆಗೆ ಒತ್ತಬೇಕು, ಬೆನ್ನು ತಾಗುವ ಹೊತ್ತಿಗೆ ಸರಿಯಾಗಿ ಎರಡೂ ಅಂಗೈಯಿಂದ ಅಖಾಡದ ಹಲಗೆಯನ್ನು ಚಟಾರೆಂದು ಬಡಿಯಬೇಕು.

"ಅವರನ್ನೆಲ್ಲ ಗೆಲ್ಲಿಸಿದ್ದೇ ನಾನು. ಸೂಲಗಿತ್ತಿ ಇದ್ದ ಹಾಗೆ. ಹೆರಿಗೆ ನನ್ನ ಕೈಯಲ್ಲಿ, ಮಗು ಮಾತ್ರ ಯಾವಾಗಲೂ ಇನ್ನೊಬ್ಬರದ್ದು," ಎನ್ನುತ್ತಿದ್ದ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ಯಾರಾದರೂ ನೆನಪಿಸಿದರೆ, ಅದಕ್ಕೇ ತಾನು ಮೀಸೆ ಬೋಳಿಸಿಕೊಂಡಿರುವುದು ಎಂದು ತನ್ನ ಮೇಲ್ದುಟಿ ತೋರಿಸುತ್ತಿದ್ದ.

ಅವನ ಹೆಗ್ಗಳಿಕೆ ಕುರ್ಚಿಯದು. ಎದುರಾಳಿ ಮಡಚುವ ಕಬ್ಬಿಣದ ಕುರ್ಚಿ ಎತ್ತಿ ತಲೆಗೆ ಬಡಿಯುವಾಗ ಉಳಿದವರು ಕೈ ಅಡ್ಡ ಹಿಡಿಯುತ್ತಿದ್ದರು. ಗುಂಡುಕಲ್ಲು ಹಿಡಿಯುತ್ತಿರಲಿಲ್ಲ. ಕೈ ಅಡ್ಡ ಬಂದರೆ ಸದ್ದು ಮಂಕಾಗುತ್ತದೆ, ಕೊನೆಯ ಸಾಲಿನಲ್ಲಿ ಕುಳಿತವನಿಗೆ ಮೋಸವಾಗುತ್ತದೆ ಎಂಬುದು ಅವನ ವಾದ. ಆಟದಲ್ಲಿ ಎಲ್ಲವೂ ನಟನೆ, ಕುರ್ಚಿಯೊಂದನ್ನು ಬಿಟ್ಟು. ಕುರ್ಚಿಗೆ ನಟಿಸಲು ಬರುವುದಿಲ್ಲ.

ಹಾಗಾಗಿ ಕಿವಿಯೊಳಗೆ ಸಿಳ್ಳೆ ಶುರುವಾದಾಗ, ಆಮೇಲೆ ಒಂದೊಂದೇ ಸಂಗತಿ ಕೈತಪ್ಪತೊಡಗಿದಾಗ, ಗುಂಡುಕಲ್ಲು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದ. ಎಲ್ಲವನ್ನೂ ಆಟವಾಗಿಸಿದ. ಶೂಗಳು ಫ್ರಿಜ್‌ನಲ್ಲಿ ಸಿಕ್ಕವು. "ವಾಸನೆ ಬರದಿರಲಿ ಅಂತ ಇಟ್ಟೆ," ಅಂದ. ಅಖಾಡದಿಂದ ಮನೆಗೆ ಬರುವ ದಾರಿ ತಪ್ಪಿ ಬಸ್ ಡಿಪೋದಲ್ಲಿ ಕುಳಿತಿದ್ದವನು ಊರು ನೋಡಲು ಹೋಗಿದ್ದೆ ಎಂದು ಹೇಳಿದ. ಟೂತ್‌ಪೇಸ್ಟಿನ ಜಾಹೀರಾತು ನೋಡಿ ಬಿಕ್ಕಿ ಬಿಕ್ಕಿ ಅತ್ತಾಗ ಹಲ್ಲುನೋವಿನ ನೆಪ ಹೇಳಿದ. ಕೆಲವು ದಿನ ಬೆಳಿಗ್ಗೆ ಒಂದು ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕುಳಿತುಬಿಡುತ್ತಿದ್ದ. ಅದನ್ನು ಹಾಕಿಕೊಂಡು ಆಗಬೇಕಾದದ್ದಾದರೂ ಏನು ಎಂಬ ಪ್ರಶ್ನೆಗೆ ಉತ್ತರ ಹೊಳೆಯುತ್ತಿರಲಿಲ್ಲ. ಅದೊಂದಕ್ಕೆ ಮಾತ್ರ ಅವನ ಬಳಿ ತಮಾಷೆ ಇರಲಿಲ್ಲ.

"ರೀ, ಸಾಕು ನಿಮ್ಮ ನಾಟಕ. ಅದು ಅಖಾಡದಲ್ಲಿರಲಿ," ಎನ್ನುತ್ತಿದ್ದಳು ಹೆಂಡತಿ. ಅವಳು ಕುಸ್ತಿ ಕಂಪನಿಗೇ ಬಟ್ಟೆ ಹೊಲಿಯುವವಳು. ಜಟ್ಟಿಗಳ ಮುಖವಾಡ, ನಿಲುವಂಗಿ, ಹರಿದ ಚಡ್ಡಿ ಎಲ್ಲವೂ ಅವಳ ಮಿಷನ್ನಿನ ಸೂಜಿಯ ಕೆಳಗೆ ಹಾದುಹೋಗುತ್ತಿದ್ದವು. ಪಂದ್ಯಗಳ ಕಥೆ ಬರೆಯುವವನು ಅವಳ ತಮ್ಮ. ಒಟ್ಟಿನಲ್ಲಿ ಗುಂಡುಕಲ್ಲನ್ನು ಹದಿನೆಂಟು ವರ್ಷ ಸೋಲಿಸಿದವರು ಹೆಂಡತಿಯ ಕಡೆಯವರೇ. ಇದು ಬಹಳ ಮನೆಗಳಲ್ಲಿ ನಡೆಯುವಂಥದ್ದೇ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ಆ ಭಾವಮೈದುನ ಒಂದು ಮಧ್ಯಾಹ್ನ ಬಂದು ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕುಳಿತ.

"ಭಾವ, ಈ ಸೀಸನ್ನಿನ ಕೊನೇ ಪಂದ್ಯ ನೀನು ಗೆಲ್ತೀಯ."

"ಯಾರನ್ನ ನೋಡಿ ಹೇಳ್ತಿದೀಯೋ?"

"ನಿನ್ನನ್ನೇ. ಇಷ್ಟು ವರ್ಷ ಸೋತವನು ಗೆದ್ರೆ ಜನ ಹುಚ್ಚೆದ್ದು ಕುಣೀತಾರೆ. ಪೋಸ್ಟರ್‌ಗೆ ಹೇಳಿಯಾಯ್ತು. ಅಕ್ಕ, ಭಾವನಿಗೆ ಒಂದು ನಿಲುವಂಗಿ. ಜರಿ ಹಾಕು, ಕಂಜೂಸಿ ಮಾಡ್ಬೇಡ."

"ಗೆದ್ದ ಮೇಲೆ ಏನು ಮಾಡಬೇಕು? ನನಗೆ ಅಭ್ಯಾಸ ಇಲ್ಲ."

"ಕೈ ಎತ್ತೋದು. ಅಷ್ಟೇ. ಎರಡೂ ಕೈ," ಎಂದ ಭಾವಮೈದುನ. ಹೊರಡುವಾಗ ಬಾಗಿಲಲ್ಲಿ ನಿಂತು, "ಒಂದು ಚಿಕ್ಕ ತಲೆನೋವು. ನಲವತ್ತು ದಾಟಿದವರಿಗೆಲ್ಲ ಡಾಕ್ಟರ ಸಹಿ ಬೇಕಂತೆ, ಹೊಸ ನಿಯಮ. ನಿನಗೇನು ಬಿಡು, ಗುಂಡುಕಲ್ಲು," ಅಂದ.

ಆರೋಗ್ಯವಾಗಿ ಇರುವವನನ್ನು ಗುಂಡುಕಲ್ಲಿನ ಹಾಗಿದ್ದಾನೆ ಎನ್ನುವುದು ವಾಡಿಕೆ. ಜೊತೆಗಾರರು ಅದರಿಂದಲೇ ಆ ಹೆಸರಿಟ್ಟಿದ್ದರು. ಗುಂಡುಕಲ್ಲು ಅಂದಿನಿಂದ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಎರಡೂ ಕೈ ಎತ್ತಿ ಅಭ್ಯಾಸ ಮಾಡಿದ. ಪ್ರತಿ ಸಲವೂ ಶರಣಾಗತನಾದ ಕಳ್ಳನಂತೆ ಕಾಣುತ್ತಿದ್ದ. ಆದರೂ ಅದು ಅವನಿಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಕಾಲುಚೀಲ ಹಾಕಿಕೊಳ್ಳಲು ಒಂದು ಕಾರಣ ಸಿಕ್ಕಿದಂತಾಗಿತ್ತು.

ಡಾಕ್ಟರ ಬಳಿ ಹೋಗುವ ಹಿಂದಿನ ವಾರ ಊಟದ ಡಬ್ಬಿಯ ಮುಚ್ಚಳ ಕೂರಲಿಲ್ಲ. ಅಷ್ಟೇ ನಡೆದದ್ದು. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಮೇಲೇಳುತ್ತಿತ್ತು. "ಅದು ಆ ಡಬ್ಬಿಯ ಮುಚ್ಚಳ ಅಲ್ಲ ರೀ," ಎಂದಳು ಹೆಂಡತಿ. ಮುಂದಿನ ಗಳಿಗೆಯಲ್ಲಿ ಊಟದ ಮೇಜಿನ ಕುರ್ಚಿ ಅವನ ಎರಡೂ ಕೈಯಲ್ಲಿ, ಹೆಂಡತಿಯ ತಲೆಯ ಮೇಲೆ ಇತ್ತು. ಎರಡನೇ ಕ್ಲಾಸಿನ ಮಗಳು ಓಡಿಬಂದು ಅಮ್ಮನ ಕಾಲ ಬಳಿ ಬೋರಲು ಮಲಗಿ, ರೆಫರಿಯಂತೆ ನೆಲ ಬಡಿಯುತ್ತ "ಒಂದೂ... ಎರಡೂ..." ಎಂದು ಎಣಿಸತೊಡಗಿದಳು. ಹೆಂಡತಿ ನಕ್ಕಳು. "ಇಳಿಸ್ರೀ ಮಹಾರಾಯರೇ, ಟ್ಯೂಬ್‌ಲೈಟ್ ಒಡೆಯುತ್ತೆ," ಎಂದು ಚಪ್ಪಾಳೆ ತಟ್ಟಿದಳು.

ಚಪ್ಪಾಳೆ ಕೇಳಿ ಗುಂಡುಕಲ್ಲು ಕುರ್ಚಿ ಇಳಿಸಿದ. ಬಗ್ಗಿ ವಂದಿಸಿದ. ಆಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಮಗುಚಿದ ಬಕೆಟ್ಟಿನ ಮೇಲೆ ಕುಳಿತ. ಅವನು ನಟಿಸಿರಲಿಲ್ಲ. ಅದು ಅವನೊಬ್ಬನಿಗೇ ಗೊತ್ತಿತ್ತು. ಇಷ್ಟು ಚೆನ್ನಾಗಿ ನಟಿಸಲು ಕಲಿತದ್ದರ ಲಾಭ ಇದು ಎಂದುಕೊಂಡ: ನಿಜವನ್ನೇ ಮಾಡಿದರೂ ಯಾರೂ ನಂಬುವುದಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕೋಣೆಯಲ್ಲಿ ಒಂದು ಮೇಜು, ತೂಕದ ಯಂತ್ರ, ಗೋಡೆಗೆ ಒರಗಿಸಿದ ಮಂಚ. ಮನೆಯವರನ್ನೂ ಕರೆದುಕೊಂಡು ಬರಬೇಕು ಎಂದಿದ್ದರಿಂದ ಹೆಂಡತಿ ಪಕ್ಕದಲ್ಲಿದ್ದಳು.

"ಎಷ್ಟು ಸಲ ತಲೆಗೆ ಪೆಟ್ಟು ಬಿದ್ದಿದೆ?"

"ಪಂದ್ಯದಲ್ಲೋ, ಅಭ್ಯಾಸದಲ್ಲೋ?"

"ಒಟ್ಟು."

"ಅದನ್ನ ಎಣಿಸೋ ಭಾಗಕ್ಕೇ ಬಿದ್ದಿದ್ದು ಡಾಕ್ಟ್ರೇ."

ಡಾಕ್ಟರು ನಕ್ಕರು, ಆದರೆ ಬರೆದುಕೊಂಡರು. ಮರೆವು? ಎಲ್ಲರಿಗೂ ಇರುವಷ್ಟು. ನಿದ್ದೆ? ಕುಸ್ತಿಯಲ್ಲಿ ಬಿದ್ದಾಗಲೇ ಒಂದಿಷ್ಟು ಮುಗಿಸಿಕೊಳ್ಳುತ್ತೇನೆ. ಬದುಕು ಬೇಡ ಅನ್ನಿಸುತ್ತದಾ? "ಸೋತ ದಿನ ಮಾತ್ರ," ಎಂದ. ತಾನು ಎಲ್ಲ ದಿನವೂ ಸೋತವನು ಎಂಬುದನ್ನು ಅವರು ಲೆಕ್ಕ ಹಾಕಲಾರರು ಎಂದು ನಂಬಿದ್ದ.

"ಮನೆಯಲ್ಲಿ ಸಿಟ್ಟು ಮಾಡ್ಕೊಳ್ತಾರಾ?" ಡಾಕ್ಟರು ಹೆಂಡತಿಯನ್ನು ಕೇಳಿದರು.

ಅವಳು ಕೈಚೀಲದ ಹಿಡಿ ಸರಿಮಾಡಿಕೊಂಡಳು. "ಇವರು ಮನೆಯಲ್ಲೂ ಕುಸ್ತಿ ಆಡ್ತಾರೆ. ಮೊನ್ನೆ ಕುರ್ಚಿ ಎತ್ಕೊಂಡು ಬಂದ್ರು. ಮಗಳು ಎಣಿಸಿದ್ಲು. ಒಂದೇ ನಗು."

"ಮನೆಯಲ್ಲಿ ಟಿಕೆಟ್ ಇಲ್ಲ," ಎಂದು ಸೇರಿಸಿದ ಗುಂಡುಕಲ್ಲು. ಮೂವರೂ ನಕ್ಕರು.

ಕೊನೆಗೆ ಒಂಟಿಕಾಲಿನ ಪರೀಕ್ಷೆ. ಕಣ್ಣು ಮುಚ್ಚಿ, ಕೈ ಸೊಂಟದ ಮೇಲಿಟ್ಟು ನಿಲ್ಲಬೇಕು. ಗುಂಡುಕಲ್ಲು ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದ್ದೇ ತಡ, ಕೋಣೆ ಯಾರೋ ಎಳೆದಂತೆ ಎಡಕ್ಕೆ ಜಾರಿತು. ಕಾಲು ಎಲ್ಲಿದೆ ಎಂದು ತಿಳಿಯಲಿಲ್ಲ. ಆದರೆ ಮೈಗೆ ಹದಿನೆಂಟು ವರ್ಷದ ರೂಢಿ. ಗಲ್ಲ ತಾನಾಗಿ ಎದೆಗೆ ಹೋಯಿತು, ಬೆನ್ನು ಬಿಲ್ಲಾಯಿತು, ಎರಡೂ ಅಂಗೈ ಒಟ್ಟಿಗೆ ನೆಲಕ್ಕೆ ಬಡಿದವು. ಮೇಜಿನ ಮೇಲಿದ್ದ ಪೆನ್ನು ಉರುಳಿತು. ಹೊರಗಿನಿಂದ ನರ್ಸ್ ಇಣುಕಿ ನೋಡಿದಳು.

"ಅಬ್ಬಾ! ಒಂದು ಕ್ಷಣ ನನ್ನ ಜೀವವೇ ಹೋಯ್ತು. ನಿಜವಾಗಿ ಬಿದ್ರಿ ಅಂದ್ಕೊಂಡೆ," ಎಂದರು ಡಾಕ್ಟರು, ಎದೆಯ ಮೇಲೆ ಕೈಯಿಟ್ಟುಕೊಂಡು. ಆಮೇಲೆ ನಕ್ಕರು. "ಚೆನ್ನಾಗಿ ಬೀಳ್ತೀರಿ. ಏಳಿ, ಈಗ ತಮಾಷೆ ಬಿಟ್ಟು ಒಂದು ಸಲ ಸರಿಯಾಗಿ ನಿಂತು ತೋರಿಸಿ, ಸಹಿ ಮಾಡಿಬಿಡ್ತೀನಿ."

ಗುಂಡುಕಲ್ಲು ಎದ್ದ. ಸರಿಯಾಗಿ ನಿಲ್ಲುವ ಉಪಾಯವೂ ಅವನಿಗೆ ಗೊತ್ತಿತ್ತು. ರೆಪ್ಪೆಯ ಸಂದಿನಲ್ಲಿ ಕಿಟಕಿಯ ಸರಳನ್ನು ನೋಡುತ್ತ ನಿಂತರಾಯಿತು. ಮನೆಯಲ್ಲಿ ತಲೆ ತಿರುಗಿದಾಗ ಕಂಡುಕೊಂಡಿದ್ದ ಉಪಾಯ. ಆಮೇಲೆ ಸಹಿ, ಜರಿಯ ನಿಲುವಂಗಿ, ಮೇಲೆತ್ತಿದ ಎರಡು ಕೈ. ಪಕ್ಕದಲ್ಲಿ ಹೆಂಡತಿಯೂ ನಗುತ್ತಿದ್ದಳು. ಮುಚ್ಚಳ ಕೂರದ ದಿನ ನಕ್ಕಂತೆಯೇ ನಗುತ್ತಿದ್ದಳು. ಅದೇ ಅಗಲ, ಅದೇ ಸದ್ದು. ಅವನು ಆ ನಗುವನ್ನು ನೋಡಿದ.

"ಡಾಕ್ಟ್ರೇ, ನಾನು ನಿಜವಾಗಿಯೇ ಬಿದ್ದಿದ್ದು," ಎಂದ.

"ಹೌದಾ?" ಡಾಕ್ಟರು ಇನ್ನೂ ಮುಗುಳ್ನಗುತ್ತಿದ್ದರು.

"ಹೌದು. ಬೀಳೋದು ಚೆನ್ನಾಗಿ ಬರುತ್ತೆ, ಅದಕ್ಕೇ ಹಾಗೆ ಕಾಣುತ್ತೆ. ಅಖಾಡದೊಳಗೆ ಸುಳ್ಳು ಅಂತ ತೋರಿಸ್ಕೊಂಡ್ರೆ ಕೆಲಸ ಹೋಗುತ್ತೆ. ನಿಜ ಅಂತ ಒಪ್ಪಿಸಬೇಕಾಗಿ ಬಂದದ್ದು ಇದೇ ಮೊದಲು, ಹೇಗೆ ಅಂತ ಗೊತ್ತಾಗ್ತಿಲ್ಲ." ಉರುಳಿದ್ದ ಪೆನ್ನನ್ನು ಎತ್ತಿ ಡಾಕ್ಟರ ಮುಂದಿಟ್ಟ. "ಇನ್ನೊಂದು. ಅವತ್ತು ಕುರ್ಚಿ ಎತ್ತಿದ್ದು ಕೂಡ ಆಟ ಅಲ್ಲ."

ಹೆಂಡತಿಯ ನಗು ನಿಂತಿತು. ಅವಳು ನೆಲ ನೋಡುತ್ತ, "ಗೊತ್ತು," ಎಂದಳು.

"ಏನು ಗೊತ್ತು? ನೀನು ಚಪ್ಪಾಳೆ ಹೊಡೀತಿದ್ದೆ!"

"ಇನ್ನೇನು ಮಾಡ್ಲಿ? ನಾನು ಕಿರುಚಿದ್ರೆ ಆ ಕುರ್ಚಿ ಎಲ್ಲಿ ಇಳೀತಿತ್ತೋ. ನಕ್ರೆ ನೀವು ಇಳಿಸ್ತೀರಿ. ಚಪ್ಪಾಳೆ ಹೊಡೆದ್ರೆ ಬಗ್ಗಿ ವಂದಿಸಿ ಆ ಕಡೆ ಹೋಗ್ತೀರಿ. ಇಸ್ತ್ರಿ ಪೆಟ್ಟಿಗೆ ಎಸೆದ ದಿನ ಕಂಡ್ಕೊಂಡೆ."

"ಇಸ್ತ್ರಿ ಪೆಟ್ಟಿಗೆನಾ? ಯಾವಾಗ?"

ಗುಂಡುಕಲ್ಲಿಗೆ ಇಸ್ತ್ರಿ ಪೆಟ್ಟಿಗೆಯ ನೆನಪೇ ಇರಲಿಲ್ಲ. ಕಂಪನಿಯಲ್ಲಿ ತನ್ನಷ್ಟು ದೊಡ್ಡ ನಟ ಇಲ್ಲವೆಂದು ಬೀಗಿದ್ದವನಿಗೆ, ಮನೆಯಲ್ಲೇ ಒಬ್ಬಳು ಹಲಗೆಯಿಲ್ಲದ ನೆಲದ ಮೇಲೆ ಇಷ್ಟು ದಿನ ನಟಿಸುತ್ತಿದ್ದದ್ದು ಗೊತ್ತಾಗಿರಲಿಲ್ಲ.

"ಮಗಳಿಗೆ ತಿಳಿಯುತ್ತಾ?" ಎಂದು ಕೇಳಿದ.

"ಅವಳಿಗೆ ಇನ್ನೂ ಆಟವೇ. ನೀವು ಏನಾದ್ರೂ ಎತ್ತಿದ್ರೆ ಹತ್ತಿರ ಓಡಿಬರ್ತಾಳೆ, ಎಣಿಸೋಕೆ. ನನಗಿರೋ ಹೆದರಿಕೆ ಅದೊಂದೇ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಅದೇ ಪ್ರಶ್ನೆಗಳನ್ನು ಮೊದಲಿನಿಂದ ಕೇಳಿದರು. ಈ ಸಲ ಗುಂಡುಕಲ್ಲು ಕಾಲುಚೀಲದ ವಿಷಯವನ್ನೂ ಹೇಳಿದ. ಪದೇ ಪದೇ ತಲೆಗೆ ಪೆಟ್ಟು ಬಿದ್ದವರಲ್ಲಿ ಮರೆವು, ಸಿಟ್ಟು, ಕಾರಣವಿಲ್ಲದ ಅಳು, ಮಂಕು ಕಾಣಿಸಿಕೊಳ್ಳಬಹುದು ಎಂದರು ಡಾಕ್ಟರು. ಸ್ಕ್ಯಾನಿನಲ್ಲಿ ಏನೂ ಕಾಣದೆಯೂ ಇರಬಹುದು. ಮಂಕಿಗೂ ನಿದ್ದೆಗೂ ಚಿಕಿತ್ಸೆ ಇದೆ, ಅದನ್ನು ಇವತ್ತೇ ಶುರು ಮಾಡೋಣ. ಹಳೆಯ ಪೆಟ್ಟನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಬದುಕು ಬೇಡ ಅನ್ನಿಸಿದ ದಿನ ಯಾರಿಗೆ ಹೇಳಬೇಕು ಎಂಬುದನ್ನು ಹೆಂಡತಿಯ ಎದುರಿಗೇ ಅವನ ಬಾಯಿಂದ ಎರಡು ಸಲ ಹೇಳಿಸಿದರು.

"ನನ್ನ ತಲೆಯಲ್ಲಿ ಏನಾಗಿದೆ ಅಂತ ಖಚಿತವಾಗಿ ಹೇಳೋಕಾಗಲ್ವಾ?"

"ಕೆಲವನ್ನ ಸತ್ತ ಮೇಲೆ ಮಿದುಳು ಪರೀಕ್ಷೆ ಮಾಡಿಯೇ ಖಚಿತವಾಗಿ ಹೇಳೋದು."

"ಅದಕ್ಕೆ ಅವಸರ ಬೇಡ," ಎಂದ ಗುಂಡುಕಲ್ಲು. ಹಾಗೆಂದವನಿಗೆ ತಾನು ಹಾಸ್ಯ ಮಾಡುತ್ತಿಲ್ಲ ಎಂಬುದು ಆಮೇಲೆ ಹೊಳೆಯಿತು.

ಡಾಕ್ಟರು ಸಹಿ ಹಾಕಲಿಲ್ಲವೆಂದು ತಿಳಿದು ಸಂಜೆ ಭಾವಮೈದುನ ಫೋನ್ ಮಾಡಿದ. "ಭಾವ, ಪೋಸ್ಟರ್ ಅಂಟಿಸಿ ಆಗಿದೆ!"

"ನನ್ನ ಮುಖದ ಮೇಲೆ ಇನ್ನೊಂದು ಮುಖ ಅಂಟಿಸು. ಪೋಸ್ಟರ್‌ಗೂ ಒಳ್ಳೇದು."

"ಬೇರೆ ಡಾಕ್ಟರ ಹತ್ರ ಹೋಗೋಣ. ಕುರ್ಚಿ ಬೇಡ, ಏನೂ ಬೇಡ. ನೀನು ಮುಟ್ಟಿದ್ರೆ ಎದುರಾಳಿ ಬೀಳೋ ಹಾಗೆ ಬರೀತೀನಿ. ನೀನು ಬಂದು ಕೈ ಎತ್ತು ಸಾಕು."

ಗುಂಡುಕಲ್ಲಿಗೆ ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. "ಬೇಡ ಮಾರಾಯ. ಒಂದು ಸಲ ಗೆದ್ರೆ ಇನ್ನೊಂದು ಸಲ ಬೇಕು ಅನ್ನಿಸುತ್ತೆ. ನನ್ನ ಬುದ್ಧಿ ನನಗೆ ಗೊತ್ತು, ಉಳಿದಷ್ಟು."

ಫೋನ್ ಇಟ್ಟು ಮಗಳನ್ನು ಕರೆದ. ಅವಳು ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಪುಟ್ಟೀ, ಒಂದು ಹೊಸ ನಿಯಮ. ಅಪ್ಪ ಕಿರುಚಿದ್ರೆ, ಏನಾದ್ರೂ ಎತ್ತಿದ್ರೆ, ನೀನು ಎಣಿಸೋ ಹಾಗಿಲ್ಲ. ಅಮ್ಮನ ಕೈ ಹಿಡ್ಕೊಂಡು ಮಹಡಿ ಮೇಲಿನ ಅಜ್ಜಿ ಮನೆಗೆ ಓಡಬೇಕು."

"ಯಾಕೆ?"

"ಅಪ್ಪನ ತಲೆಗೆ ತುಂಬ ಪೆಟ್ಟು ಬಿದ್ದಿದೆ. ಸಿಟ್ಟು ಬಂದ್ರೆ ಬ್ರೇಕ್ ಹಿಡಿಯಲ್ಲ."

"ನಾಟಕ ಆಗಿದ್ರೆ?"

"ಆದ್ರೂ ಓಡು."

"ನಾಟಕನೋ ನಿಜಾನೋ ನಂಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗ್ಬೇಕಾಗಿಲ್ಲ. ನನಗೇ ಸರಿಯಾಗಿ ಗೊತ್ತಾಗಲ್ಲ."

ಮಗಳು ಯೋಚಿಸಿದಳು. "ಸರಿ, ಒಂದ್ಸಲ ಅಭ್ಯಾಸ ಮಾಡೋಣ. ನೀನು ಕಿರುಚು."

ಗುಂಡುಕಲ್ಲು ಎದ್ದು ನಿಂತ. ಸಾವಿರಾರು ಜನರ ಮುಂದೆ ಘರ್ಜಿಸಿದ್ದ ಗಂಟಲಿನಿಂದ ಕೆಮ್ಮಿನಂಥದ್ದೇನೋ ಬಂತು.

"ಅಯ್ಯೇ, ಇದಕ್ಕೆ ಯಾರು ಓಡ್ತಾರೆ? ಜೋರಾಗಿ!"

ಎರಡನೇ ಸಲ ಕಿರುಚಿದ. ಮಗಳು ಚಂಗನೆ ಜಿಗಿದು ಅಮ್ಮನ ಕೈ ಹಿಡಿದು ಎಳೆದಳು. ಹೆಂಡತಿ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಉಗುಳಿ, ಮಿಷನ್ನಿನ ಮುಂದಿನಿಂದ ಎದ್ದು ಓಡಿದಳು. ಬಾಗಿಲು ದಡಾರನೆ ಮುಚ್ಚಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು, ಮೇಲಿನ ಮನೆಯ ಬೆಲ್, ಅಜ್ಜಿಯ ದನಿ.

ಗುಂಡುಕಲ್ಲು ಕಾದ. ಅವರು ಬರಲಿಲ್ಲ. ಮೇಲೆ ಟಿವಿ ಹಾಕಿದ ಸದ್ದಾಯಿತು. ಹೆಂಡತಿ ಏನೋ ಹೇಳಿದಳು, ಅಜ್ಜಿ ಏನೋ ಹೇಳಿದಳು, ಆಮೇಲೆ ಹೆಂಡತಿ ನಕ್ಕಳು. ಆ ನಗು ಅಗಲವಾಗಿರಲಿಲ್ಲ, ಮೂಗಿನಲ್ಲಿ ಗೊರ್ ಎನ್ನುವಂಥದ್ದು. ಅದನ್ನು ಕೇಳಿ ಎಷ್ಟು ಕಾಲವಾಯಿತೆಂದು ಅವನಿಗೆ ನೆನಪಾಗಲಿಲ್ಲ. ಈ ಮರೆವಿಗೆ ಮಾತ್ರ ಅವನು ತಲೆಯ ಪೆಟ್ಟನ್ನು ದೂರಲಿಲ್ಲ.

ಯಾವಾಗ ವಾಪಸ್ ಬರಬೇಕು ಎಂದು ಹೇಳುವುದನ್ನು ಮರೆತಿದ್ದ. ಹೋಗಿ ಕರೆಯೋಣವೆಂದು ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದ. ಚಿಲಕಕ್ಕೆ ಕೈಹಾಕಿ ನಿಂತ. ಅಪ್ಪ ಹಿಂದೆಯೇ ಮೆಟ್ಟಿಲು ಹತ್ತಿ ಬರಬಹುದು ಎಂದು ನಿಯಮದಲ್ಲಿ ಇರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಬಂದ. ನೆಲದ ಮೇಲೆ ಚೆಲ್ಲಿದ್ದ ಗುಂಡುಸೂಜಿಗಳನ್ನು, ಯಾರ ಕಾಲಿಗೂ ಚುಚ್ಚದಿರಲಿ ಎಂದು, ಮಂಡಿಯೂರಿ ಒಂದೊಂದಾಗಿ ಹೆಕ್ಕತೊಡಗಿದ.