ಗೊತ್ತು ಬಿಡಿ

ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟರು ಸಂಜೆ ಬರಿಗೈಯಲ್ಲಿ ಮನೆಗೆ ಬಂದದ್ದುಂಟು, ಬರಿಬಾಯಲ್ಲಿ ಬಂದದ್ದಿಲ್ಲ. ವಿಶ್ವವಿದ್ಯಾಲಯಕ್ಕೆ ಬರುವ ದಿನಪತ್ರಿಕೆಯ ಮಡಿಕೆ ಬಿಚ್ಚುತ್ತಿದ್ದುದೇ ಅವರು. ಅವರು ಓದಿ ಮುಗಿಸಿದ ಮೇಲೆ ಕ್ರೀಡಾಪುಟ ಟಪಾಲು ಗುಮಾಸ್ತನಿಗೆ, ಚಿನ್ನದ ಬೆಲೆಯ ಪುಟ ಟೈಪಿಸ್ಟಮ್ಮನಿಗೆ. ದೇಶದ ಸುದ್ದಿಗೆ ಕುಲಪತಿಗಳ ಕೋಣೆಯ ಗುಸುಗುಸು ಬೆರೆಸಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೆಂಡತಿಗೆ ಬಡಿಸುತ್ತಿದ್ದರು. ಆಕೆ ಒಲೆಯ ಮುಂದಿನಿಂದ “ಹೌದಾ? ಆಮೇಲೆ?” ಎಂದರೆ ಸಾಕು, ಸರ್ಕಾರವನ್ನು ತಾವೇ ಬೀಳಿಸಿ ಬಂದಷ್ಟು ಹುಮ್ಮಸ್ಸು.

ಮಗಳು ಅಮ್ಮನಿಗೆ ಸ್ಮಾರ್ಟ್‌ಫೋನ್ ಕೊಡಿಸಿದಾಗ ಆ ಸುಖಕ್ಕೆ ಕಲ್ಲು ಬಿತ್ತು. ಟೈಪಿಸ್ಟಮ್ಮ ಆಕೆಯನ್ನು ಸಿಬ್ಬಂದಿ ಕುಟುಂಬಗಳ ವಾಟ್ಸಾಪ್ ಗ್ರೂಪಿಗೆ ಸೇರಿಸಿದಳು. ಅಂದಿನಿಂದ ಇವರು ಬಾಯಿ ತೆರೆಯುವಷ್ಟರಲ್ಲಿ ಆಕೆಯ ಉತ್ತರ ಸಿದ್ಧ. ಮಂತ್ರಿ ರಾಜೀನಾಮೆ ಕೊಟ್ಟದ್ದು? ಗೊತ್ತು ಬಿಡಿ. ಫಲಿತಾಂಶ ಮುಂದಕ್ಕೆ ಹೋದದ್ದು? ಗೊತ್ತು ಬಿಡಿ. ಇವರು ರಜೆಯಲ್ಲಿದ್ದ ದಿನ ಇವರದೇ ವಿಭಾಗದ ಫ್ಯಾನು ಕಳಚಿ ಬಿದ್ದದ್ದನ್ನು ಇವರಿಗೆ ಹೇಳಿದವಳೂ ಆಕೆಯೇ.

ಆಫೀಸಿನಲ್ಲೂ ಎಲ್ಲರೂ ತಲೆ ತಗ್ಗಿಸಿ ಫೋನು ಉಜ್ಜುವವರೇ. ಪತ್ರಿಕೆ ಟಿಫಿನ್ ಡಬ್ಬಿಯ ಅಡಿಗೆ ಹಾಸಾಯಿತು. ಹಟಕ್ಕೆ ಬಿದ್ದು ತಾವೂ ಫೋನು ಕೊಂಡು, ಸುದ್ದಿ ಬಂದ ತಕ್ಷಣ ಮನೆಗೆ ಕರೆ ಮಾಡಿದರೆ ಆಕೆಯ ಲೈನು ಬಿಜಿ. ಅದೇ ಸುದ್ದಿಯನ್ನು ನಾದಿನಿಗೆ ಹೇಳುತ್ತಿದ್ದಳು. ಸೋತು ಸುಮ್ಮನಾದರು. ಸ್ಟೂಲಿನ ಮೇಲೆ ಈರುಳ್ಳಿ ಬುಟ್ಟಿ ಬಂದು ಕೂತಿತು. ಹೇಳಲು ಏನೂ ಇಲ್ಲದೆ ಮನೆಗೆ ಬರುವುದು ಎಷ್ಟು ಬೇಸರವೆಂದು ಯಾರಿಗಾದರೂ ಹೇಳಿಕೊಳ್ಳೋಣವೆಂದರೆ, ಹೇಳಿಕೊಳ್ಳುತ್ತಿದ್ದದ್ದು ಆಕೆಯೊಬ್ಬಳ ಹತ್ತಿರ.

ಹೀಗಿರುವಾಗ ಒಂದು ಮಧ್ಯಾಹ್ನ ಆಡಳಿತ ಭವನದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಇವರು ಮತ್ತು ಇತಿಹಾಸದ ಪ್ರೊಫೆಸರು. ಜೀವ ಬಾಯಿಗೆ ಬಂದು, ಸೂಪರಿಂಟೆಂಡೆಂಟರು ಪ್ರೊಫೆಸರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಮನೆಗೆ ತಿಳಿಸೋಣವೆಂದು ಫೋನು ತೆಗೆದರೆ ಸಿಗ್ನಲ್ಲಿಲ್ಲ. ಅಳು ಅರ್ಧಕ್ಕೆ ನಿಂತಿತು. ಸಿಗ್ನಲ್ಲಿಲ್ಲ ಎಂದಮೇಲೆ ಇದು ಆಕೆಗೆ ಗೊತ್ತಿರಲು ಸಾಧ್ಯವೇ ಇಲ್ಲ.

ಕೊನೆಗೆ ಬಾಗಿಲು ಮೀಟಿ ಇವರನ್ನು ಮೇಲಕ್ಕೆಳೆದಾಗ ಮೊಣಕಾಲು ತರಚಿತು, ಅದನ್ನು ಹಿಡಿದು ಕೂತಾಗ ಅಳು ಮತ್ತೆ ಕಿತ್ತುಕೊಂಡು ಬಂತು. ಪ್ರೊಫೆಸರು ಬೆನ್ನು ಸವರಿದರು. ಸುತ್ತ ನಿಂತವರೆಲ್ಲ ಫೋನು ಎತ್ತಿ ಹಿಡಿದಿದ್ದರು. ಬೆಳಕಿಗಾಗಿ ಹಿಡಿದಿದ್ದಾರೆ, ಒಳ್ಳೆಯ ಜನ ಎಂದುಕೊಂಡರು ಇವರು.

ಬೇಗನೆ ಮನೆಗೆ ಬಂದರೆ ಸ್ಟೂಲು ಖಾಲಿಯಾಗಿತ್ತು, ಬುಟ್ಟಿ ನೆಲದ ಮೇಲಿತ್ತು. ಯಾಕೆ ಇಷ್ಟು ಬೇಗ ಎಂದು ಹೆಂಡತಿ ಕೇಳಿದಳು. ಇವರು ಅನುಮಾನದಿಂದ ಆಕೆಯ ಮುಖ ನೋಡಿದರು.

“ನಿಂಗೆ ಗೊತ್ತಿಲ್ವಾ?”

“ನಂಗೇನು ಗೊತ್ತು? ಹೇಳಿ.”

ಕಟ್ಟೆ ಒಡೆಯಿತು. ಲಿಫ್ಟು ನಿಂತದ್ದು, ಪ್ರೊಫೆಸರು ತಮ್ಮನ್ನು ತಬ್ಬಿಕೊಂಡು ಅತ್ತದ್ದು, ತಾವು ಧೈರ್ಯ ತುಂಬಿದ್ದು, ಎಲ್ಲವನ್ನೂ ಹೇಳಿದರು.

“ಪಾಪ, ತುಂಬಾ ಅತ್ರಾ ಅವರು?”

“ಮಗು ಥರ ಅತ್ರು.”

ಶೆಲ್ಫಿನ ಮೇಲೆ ಆಕೆಯ ಫೋನು ಬಿಡದೆ ಸದ್ದು ಮಾಡುತ್ತಿತ್ತು. ಆಕೆ ಅದನ್ನು ಬೋರಲು ಹಾಕಿ, ಮೇಲೊಂದು ಬಟ್ಟೆ ಮುಚ್ಚಿ, “ಆಮೇಲೆ?” ಎಂದಳು.

ಆಗ ಅವರ ಕಣ್ಣಿಗೆ ಬಿತ್ತು. ಒಲೆಯ ಪಕ್ಕದಲ್ಲಿ ಬಿಸಿನೀರಿನ ಬಟ್ಟಲು, ಹತ್ತಿ, ಮುಚ್ಚಳ ತೆಗೆದಿಟ್ಟ ಮುಲಾಮು. ಮೊಣಕಾಲಿನ ಮಾತು ಕತೆಯಲ್ಲಿ ಇನ್ನೂ ಬಂದೇ ಇರಲಿಲ್ಲ. ಪ್ಯಾಂಟಿನ ಮೇಲೆ ಕಲೆಯೂ ಇರಲಿಲ್ಲ. ಅತ್ತವರು ಯಾರೆಂದು ಆಕೆ ಆ ಫೋನಿನಲ್ಲಿ ಎಷ್ಟು ಸಲ ನೋಡಿದ್ದಳೋ. ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಜಟ್ಟಿ ಬಿದ್ದದ್ದನ್ನು ಊರೆಲ್ಲ ನೋಡಿತ್ತು. ಮೀಸೆ ಮಣ್ಣಾಗಲಿಲ್ಲ ಎಂದು ನಂಬಲು ಈಕೆಯೊಬ್ಬಳು ಸಿದ್ಧವಾಗಿ ನಿಂತಿದ್ದಳು. ಅವರಿಗೆ ಆಕೆಯ ಮೇಲೆ ಹೊಟ್ಟೆತುಂಬ ಪ್ರೀತಿ ಬಂತು.

“ಆಮೇಲೇನು,” ಎಂದು ಅವರು ಪ್ಯಾಂಟು ಮೇಲಕ್ಕೆ ಮಡಚಿದರು, “ಪ್ರೊಫೆಸರನ್ನ ಎತ್ತೋಕೆ ಹೋಗಿ ನನ್ನ ಮೊಣಕಾಲು ತರಚಿಹೋಯ್ತು.”

“ಅಯ್ಯೋ, ನಂಗೆ ಗೊತ್ತೇ ಇಲ್ಲ,” ಎನ್ನುತ್ತ ಆಕೆ ಹತ್ತಿಯನ್ನು ಬಿಸಿನೀರಿಗೆ ಅದ್ದಿದಳು.